76,700 ರೂಪಾಯಿಗೆ ಒಂದು ಬ್ರಿಟನ್ ವೀಸಾ ಕಡತ

ಬ್ರಿಟನ್ನಿನ ಪೌರತ್ವ ಪಡೆದಿರುವ ನನ್ನ ಪತಿಯ ಜೊತೆ ಅಲ್ಲಿ ನೆಲೆಸಲು ಬೇಕಾದ ಸಂಗಾತಿ ವೀಸಾಕ್ಕೆ ನಾನು 2025ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಅರ್ಜಿ ಸಲ್ಲಿಸಿದೆ. ಕಡತವನ್ನು ಸಿದ್ಧಪಡಿಸಿಕೊಟ್ಟದ್ದು ದಕ್ಷಿಣ ಬೆಂಗಳೂರಿನ ಒಂದು ವೀಸಾ ಸಲಹಾ ಸಂಸ್ಥೆ. ಅದರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇಂಥ ಸಂಸ್ಥೆಯ ಮೆಟ್ಟಿಲು ಹತ್ತುವ ಮುನ್ನ ಯಾವ ಕೆಲಸಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದನ್ನಷ್ಟೇ ಹೇಳಬೇಕಾಗಿದೆ. ಅವರ ಶುಲ್ಕ 65,000 ರೂಪಾಯಿ, ಶೇಕಡಾ 18ರ ಜಿಎಸ್‌ಟಿ ಸೇರಿ 76,700. ಈ ಮೊತ್ತದಲ್ಲಿ ಸಾರ್ಥಕವಾದದ್ದು ಒಂದೇ ಒಂದು ಮಧ್ಯಾಹ್ನದ ಕೆಲಸ. ಆದರೆ ಆ ಮಧ್ಯಾಹ್ನ ಇಲ್ಲದಿದ್ದರೆ ನನ್ನ ಅರ್ಜಿ ಬಹುಶಃ ತಿರಸ್ಕೃತವಾಗುತ್ತಿತ್ತು ಎಂಬುದನ್ನೂ ಮುಚ್ಚಿಡಲಾರೆ.

ಜನ ಸಲಹೆಗಾರರ ಬಳಿಗೆ ಓಡುವುದು ಭಯದಿಂದ, ಮತ್ತು ಆ ಭಯಕ್ಕೆ ಕಾರಣವಿದೆ. ನಾನು ಅರ್ಜಿ ಹಾಕುವಾಗ ಸರ್ಕಾರಿ ಶುಲ್ಕ 1,938 ಪೌಂಡ್ ಇತ್ತು. ಅದರ ಮೇಲೆ, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆಂದು, ವರ್ಷಕ್ಕೆ 1,035 ಪೌಂಡ್‌ನಂತೆ ಆರೋಗ್ಯ ಸುಂಕ. ವೀಸಾ ದೊರೆಯುವುದು 33 ತಿಂಗಳಿಗಾದರೂ ಸುಂಕವನ್ನು ಪೂರ್ತಿ ಮೂರು ವರ್ಷಕ್ಕೆ ಕಟ್ಟಬೇಕು, ಅಂದರೆ 3,105 ಪೌಂಡ್. ಎರಡೂ ಸೇರಿದರೆ 5,043. ಅರ್ಜಿ ತಿರಸ್ಕೃತವಾದರೆ ಸುಂಕ ವಾಪಸು ಬರುತ್ತದೆ, ಅರ್ಜಿ ಶುಲ್ಕ ಬರುವುದಿಲ್ಲ. ಇಷ್ಟು ಹಣ ಪಣಕ್ಕಿಟ್ಟವರಿಗೆ ಇನ್ನೊಂದು ಎಪ್ಪತ್ತು ಸಾವಿರ ದೊಡ್ಡದಾಗಿ ಕಾಣುವುದಿಲ್ಲ ಎಂಬುದು ಈ ವ್ಯಾಪಾರದಲ್ಲಿರುವವರಿಗೆ ಚೆನ್ನಾಗಿ ಗೊತ್ತಿದೆ.

ಈ ವೀಸಾದ ಜೀವಾಳ ವರಮಾನ. ಬ್ರಿಟನ್ನಿನಲ್ಲಿರುವ ಸಂಗಾತಿಯ ವಾರ್ಷಿಕ ಸಂಬಳ ಇಂತಿಷ್ಟು ಇರಲೇಬೇಕೆಂಬ ಈಗಿನ ಕಟ್ಟಳೆ 2012ರ ಜುಲೈನಲ್ಲಿ ಬಂದಾಗ ಮಿತಿ 18,600 ಪೌಂಡ್ ಇತ್ತು. 2024ರ ಏಪ್ರಿಲ್ 11ರಿಂದ ಅದು 29,000 ಆಯಿತು. ನನ್ನ ಬೆಂಗಳೂರಿನ ಸಂಬಳ ಎಷ್ಟೇ ಇರಲಿ, ಅದು ಲೆಕ್ಕಕ್ಕೆ ಬರುವುದಿಲ್ಲ. ಹನ್ನೊಂದು ವರ್ಷ ದುಡಿದವಳಿಗೆ ಆ ಸಾಲನ್ನು ಓದಿದಾಗ ಆದ ಇರಿಸುಮುರಿಸು ಇನ್ನೂ ಪೂರ್ತಿ ಹೋಗಿಲ್ಲ. ಸಂಬಳದ ಬದಲು ಉಳಿತಾಯವನ್ನೇ ತೋರಿಸುವುದಾದರೆ 88,500 ಪೌಂಡ್ ಆರು ತಿಂಗಳ ಕಾಲ ಖಾತೆಯಲ್ಲಿ ಇದ್ದಿರಬೇಕು. ಅಷ್ಟು ಹಣ ನಮ್ಮಲ್ಲಿರಲಿಲ್ಲ.

ನನ್ನ ಪತಿ ಫೆಬ್ರವರಿಯಲ್ಲಿ ಕೆಲಸ ಬದಲಿಸಿದ್ದರು. ಹಳೆಯ ಕೆಲಸದ ಸಂಬಳ ತಿಂಗಳಿಗೆ 2,500 ಪೌಂಡ್, ಹೊಸದರಲ್ಲಿ 3,000, ನಡುವೆ ಒಂದು ತಿಂಗಳು ಸಂಬಳವಿಲ್ಲ. ಸಂಸ್ಥೆಯ ಹುಡುಗ ಜೂನ್‌ನಲ್ಲಿ ಹೊಸ ಕೆಲಸದ ನಾಲ್ಕು ಪೇ ಸ್ಲಿಪ್‌ಗಳನ್ನಷ್ಟೇ ಇಟ್ಟು, ವರ್ಷಕ್ಕೆ 36,000 ಆಗುತ್ತದೆ, ಧಾರಾಳವಾಯಿತು ಎಂದು ಅರ್ಜಿಯನ್ನು ಮುಗಿಸಿಬಿಟ್ಟಿದ್ದ. ಅದನ್ನು ಅಂತಿಮವಾಗಿ ನೋಡಲು ಕುಳಿತ ಹಿರಿಯ ಮಹಿಳೆಯೊಬ್ಬರು ಕಾಗದಗಳನ್ನು ತಿರುವಿಹಾಕಿ, ಹುಡುಗನನ್ನು ಹೊರಗೆ ಕಳಿಸಿ, ನನ್ನನ್ನು ಎದುರಿಗೆ ಕೂರಿಸಿಕೊಂಡು ಲೆಕ್ಕ ಬಿಡಿಸಿದರು. ಒಂದೇ ಮಾಲೀಕರ ಬಳಿ ಆರು ತಿಂಗಳು ತುಂಬಿದ್ದರೆ ಮಾತ್ರ ಆ ಆರು ತಿಂಗಳ ಪೇ ಸ್ಲಿಪ್ ಸಾಕು. ಅದು 'ಎ' ವರ್ಗ. ತುಂಬದಿದ್ದರೆ 'ಬಿ' ವರ್ಗ: ಈಗಿನ ಸಂಬಳವೂ ಮಿತಿಯನ್ನು ಮುಟ್ಟಬೇಕು, ಹಿಂದಿನ ಹನ್ನೆರಡು ತಿಂಗಳಲ್ಲಿ ಕೈಗೆ ಬಂದ ಒಟ್ಟು ಸಂಬಳವೂ ಮುಟ್ಟಬೇಕು. ಏಳು ತಿಂಗಳ ಹಳೆಯ ಸಂಬಳ 17,500, ನಾಲ್ಕು ತಿಂಗಳ ಹೊಸ ಸಂಬಳ 12,000, ಒಟ್ಟು 29,500. "ಐನೂರು ಪೌಂಡ್ ಅಂಚಿನ ಮೇಲೆ ಯಾಕೆ ನಿಲ್ಲುತ್ತೀರಮ್ಮಾ? ಎರಡು ತಿಂಗಳು ತಡೆದುಕೊಳ್ಳಿ, ಹಳೆಯ ಕಂಪನಿಯ ಬಾಗಿಲಿಗೆ ಹೋಗುವುದೇ ಬೇಡ" ಎಂದರು. ನಾವು ಕಾದೆವು.

ಅದೇ ಮಧ್ಯಾಹ್ನ ಅವರು ಇನ್ನೊಂದನ್ನು ಕಂಡುಹಿಡಿದರು. ಪ್ರತಿ ಪೇ ಸ್ಲಿಪ್‌ನಲ್ಲಿರುವ ನಿವ್ವಳ ಸಂಬಳ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಜಮೆಯಾದ ಮೊತ್ತಕ್ಕೆ ತಾಳೆಯಾಗಬೇಕು. ಏಪ್ರಿಲ್‌ನಲ್ಲಿ ಪ್ರಯಾಣದ ಖರ್ಚನ್ನೂ ಸಂಬಳದ ಜೊತೆಗೇ ಹಾಕಿದ್ದರಿಂದ ಬ್ಯಾಂಕಿನ ಮೊತ್ತ ಹೆಚ್ಚಾಗಿತ್ತು. ಹೆಚ್ಚು ಬಂದರೆ ತೊಂದರೆಯೇನು ಎಂದು ನಾವು ಅದನ್ನು ಗಮನಿಸಿರಲೇ ಇಲ್ಲ. ಉದ್ಯೋಗದ ಸ್ವರೂಪ, ಸಂಬಳ ಮತ್ತು ಸೇವಾವಧಿಯನ್ನು ದೃಢಪಡಿಸುವ ಪತ್ರವನ್ನು ಕಂಪನಿಯಿಂದ ಹೇಗಿದ್ದರೂ ತರಿಸಬೇಕಿತ್ತು; ಅದರಲ್ಲಿಯೇ ಈ ವ್ಯತ್ಯಾಸಕ್ಕೂ ಒಂದು ಸಾಲಿನ ವಿವರಣೆ ಬರೆಸಿಕೊಳ್ಳಿ ಎಂದು ಹೇಳಿ, ಕೊನೆಯ ದಾಖಲೆಗಳು ಅರ್ಜಿಯ ದಿನಕ್ಕಿಂತ 28 ದಿನಗಳಿಗೂ ಹಳೆಯವಾಗಿರಬಾರದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಟ್ಟರು.

ಉಳಿದ ಸೇವೆಯ ವಿಷಯದಲ್ಲಿ ಇಷ್ಟು ಒಳ್ಳೆಯ ಮಾತು ಹೇಳಲಾರೆ. ಇಂಗ್ಲಿಷ್ ಪರೀಕ್ಷೆಗೆಂದು ತಮ್ಮದೇ ಐಇಎಲ್‌ಟಿಎಸ್ ತರಬೇತಿಗೆ ಸೇರಿಕೊಳ್ಳುವಂತೆ ಮೂರು ಸಲ ಫೋನ್ ಮಾಡಿದರು. ಈ ವೀಸಾಕ್ಕೆ ಬೇಕಾದದ್ದು ಕೇಳುವ ಮತ್ತು ಮಾತನಾಡುವ 'ಎ1' ಎಂಬ ತೀರಾ ಆರಂಭಿಕ ಮಟ್ಟ ಮಾತ್ರ. ಸಾಮಾನ್ಯ ಐಇಎಲ್‌ಟಿಎಸ್‌ನಲ್ಲಿ ಎಷ್ಟು ಅಂಕ ಬಂದರೂ, ಬ್ರಿಟನ್ ವೀಸಾಕ್ಕೆಂದೇ ಮಾನ್ಯವಾದ ಪರೀಕ್ಷೆ ಅದಲ್ಲದಿದ್ದರೆ ಉಪಯೋಗವಿಲ್ಲ. ನಾನು ಲೈಫ್ ಸ್ಕಿಲ್ಸ್ ಎಂಬ ಪರೀಕ್ಷೆಯನ್ನು ತೆಗೆದುಕೊಂಡೆ. ಇಬ್ಬರು ಅಭ್ಯರ್ಥಿಗಳನ್ನು ಒಟ್ಟಿಗೆ ಕೂರಿಸಿ, ಪರೀಕ್ಷಕರೊಬ್ಬರು ಸುಮಾರು ಹದಿನೇಳು ನಿಮಿಷ ಮಾತನಾಡಿಸುತ್ತಾರೆ. ಫಲಿತಾಂಶ ಪಾಸು ಅಥವಾ ಫೇಲು, ಅಂಕಗಳಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಪಡೆದವರಿಗೆ ಪದವಿಯನ್ನೇ ಬ್ರಿಟನ್ನಿನ ಎಕ್ಟಿಸ್ ಸಂಸ್ಥೆಯಿಂದ ದೃಢಪಡಿಸಿಕೊಳ್ಳುವ ದಾರಿಯೂ ಇದೆ. ತರಬೇತಿ ಮಾರುವವರು ಇದನ್ನು ಹೇಳಲಿಲ್ಲ.

ಭಾಷಾಂತರದ ಬಾಬತ್ತು ಇನ್ನೂ ರಂಜಕವಾಗಿದೆ. ನಮ್ಮ ವಿವಾಹ ನೋಂದಣಿ ಪತ್ರ ಕನ್ನಡದಲ್ಲಿತ್ತು. ಅದನ್ನು ಭಾಷಾಂತರಿಸಲೇಬೇಕು, ತಕರಾರಿಲ್ಲ. ಆದರೆ ಸಂಬಂಧ ನಿಜವಾದದ್ದೆಂದು ತೋರಿಸಲು ನಮ್ಮ ವಾಟ್ಸ್ಆ್ಯಪ್ ಸಂಭಾಷಣೆಯ 42 ಪುಟಗಳನ್ನೂ, ಪುಟಕ್ಕೆ 350 ರೂಪಾಯಿಯಂತೆ, ಇಂಗ್ಲಿಷಿಗೆ ತಂದರು. ಮೂಲ ಶುಲ್ಕದ ಹೊರಗೆ 14,700 ರೂಪಾಯಿ. ಅದರಲ್ಲಿ ಬಹುಪಾಲು 'ಊಟ ಆಯ್ತಾ?', 'ಆಯ್ತು, ನಿಮ್ದು?' ಎಂಬೆರಡು ಸಾಲುಗಳು, ದಿನಕ್ಕೆ ಎರಡು ಬಾರಿ, ಹತ್ತು ತಿಂಗಳ ಕಾಲ. ಲಗ್ನಪತ್ರಿಕೆಯನ್ನೂ ಬಿಡಲಿಲ್ಲ, 'ಗುರುಹಿರಿಯರು ನಿಶ್ಚಯಿಸಿದಂತೆ' ಎಂಬುದು ಇಂಗ್ಲಿಷಿನಲ್ಲಿ ಶಾಲಾ ಶಿಕ್ಷಕರೂ ವೃದ್ಧರೂ ಸೇರಿ ನಡೆಸಿದ ಮದುವೆಯಾಗಿ ಹೊರಬಂದಿತ್ತು. ಪ್ರತಿ ಹಾಳೆಗೂ ನೋಟರಿ ಮುದ್ರೆ ಒತ್ತಿಸಿದ್ದರು. ನಿಯಮ ಕೇಳುವುದು ನೋಟರಿಯನ್ನಲ್ಲ. ಭಾಷಾಂತರ ನಿಖರವಾಗಿದೆ ಎಂಬ ಹೇಳಿಕೆ, ದಿನಾಂಕ, ಭಾಷಾಂತರಕಾರರ ಪೂರ್ಣ ಹೆಸರು, ಸಹಿ ಮತ್ತು ಸಂಪರ್ಕ ವಿವರ. ಇವುಗಳಲ್ಲಿ ಸಂಪರ್ಕ ವಿವರವೇ ಇರಲಿಲ್ಲ. ನಾನು ಕೇಳಿದ ಮೇಲೆ ಪೆನ್ನಿನಲ್ಲಿ ಬರೆದುಕೊಟ್ಟರು.

ಕ್ಷಯರೋಗ ಪರೀಕ್ಷೆಗೆ ಮಾನ್ಯತೆ ಪಡೆದ ಕೇಂದ್ರದಲ್ಲಿ ನಾನೇ ಸಮಯ ಕಾದಿರಿಸಿಕೊಂಡೆ. ಪ್ರಮಾಣಪತ್ರ ಆರು ತಿಂಗಳು ಚಾಲ್ತಿಯಲ್ಲಿರುವುದರಿಂದ ಎರಡು ತಿಂಗಳು ಕಾದದ್ದರಿಂದ ತೊಂದರೆಯಾಗಲಿಲ್ಲ. ಬೆರಳಚ್ಚಿನ ದಿನವೂ ಸಲೀಸಾಗಿ ಮುಗಿಯಿತು. ಕೊನೆಗೆ ಸಂಸ್ಥೆ ಕೊಟ್ಟ 'ಪ್ರಯಾಣ ಮಾರ್ಗದರ್ಶಿ' ಎಂಬ ಕರಪತ್ರದಲ್ಲಿ, ಬ್ರಿಟನ್ ತಲುಪಿದ ಮೇಲೆ ಅಂಚೆ ಕಚೇರಿಯಿಂದ ನಿವಾಸದ ಕಾರ್ಡನ್ನು ಪಡೆದುಕೊಳ್ಳಬೇಕೆಂದು ಬರೆದಿತ್ತು. ಆ ಕಾರ್ಡುಗಳ ಕಾಲ 2024ಕ್ಕೇ ಮುಗಿದಿದೆ. ಹನ್ನೊಂದು ವಾರಗಳ ನಂತರ ನನಗೆ ಬಂದದ್ದು ಪಾಸ್‌ಪೋರ್ಟಿನಲ್ಲಿ 90 ದಿನಗಳ ಸ್ಟಿಕ್ಕರು ಮತ್ತು ಆನ್‌ಲೈನ್ ಇ-ವೀಸಾ.

ಬ್ರಿಟನ್ನಿನ ಒಳಗೆ ವಲಸೆ ಸಲಹೆ ನೀಡುವವರು ವಕೀಲರಾಗಿರಬೇಕು, ಇಲ್ಲವೇ 2025ರ ಜನವರಿಯಲ್ಲಿ ಇಮಿಗ್ರೇಷನ್ ಅಡ್ವೈಸ್ ಅಥಾರಿಟಿ ಎಂದು ಹೆಸರು ಬದಲಿಸಿಕೊಂಡ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಬೆಂಗಳೂರಿನಲ್ಲಿ ಕುಳಿತು ಸಲಹೆ ಕೊಡುವವರಿಗೆ ಆ ಕಟ್ಟು ಅನ್ವಯಿಸುವುದಿಲ್ಲ, ಆದ್ದರಿಂದ ಹುಡುಗ ಮಾಡಿದ ತಪ್ಪಿಗೆ ದೂರು ಕೊಡಲು ಅಲ್ಲಿ ಬಾಗಿಲಿಲ್ಲ. ಸಂಗಾತಿ ಒಂದೇ ಕಂಪನಿಯಲ್ಲಿ ವರ್ಷಗಟ್ಟಲೆ ಇದ್ದು ಸಂಬಳ ಮಿತಿಗಿಂತ ಸಾಕಷ್ಟು ಮೇಲಿದ್ದರೆ, ಸರ್ಕಾರಿ ಜಾಲತಾಣದ ನಿಯಮಗಳನ್ನು ಎರಡು ಭಾನುವಾರ ಕುಳಿತು ಓದಿ ನೀವೇ ಅರ್ಜಿ ಹಾಕಬಹುದು. ಕೆಲಸ ಬದಲಾಗಿದ್ದರೆ, ಸ್ವಂತ ಉದ್ಯೋಗವಿದ್ದರೆ, ಹಿಂದೆ ಯಾವುದಾದರೂ ವೀಸಾ ತಿರಸ್ಕೃತವಾಗಿದ್ದರೆ, ಪೂರ್ತಿ ಪ್ಯಾಕೇಜು ಕೊಳ್ಳದೆ ನೋಂದಾಯಿತ ಸಲಹೆಗಾರರಿಂದ ಕಡತವನ್ನು ಒಮ್ಮೆ ಪರಿಶೀಲಿಸಿಕೊಳ್ಳುವುದಕ್ಕಷ್ಟೇ ಹಣ ಕೊಡಿ. ಐದು ನಕ್ಷತ್ರಗಳಲ್ಲಿ ನಾನು ಈ ಸಂಸ್ಥೆಗೆ ಎರಡನ್ನು ಕೊಡುತ್ತೇನೆ, ಎರಡೂ ಆ ಹಿರಿಯ ಮಹಿಳೆಗೆ.

ಹೋದ ತಿಂಗಳು ಅವರ ಕಚೇರಿಯಿಂದ ಫೋನ್ ಬಂದಿತ್ತು: ವೀಸಾ ವಿಸ್ತರಣೆಗೆ ಈಗಲೇ ಮುಂಗಡ ಕೊಟ್ಟರೆ ರಿಯಾಯಿತಿಯಂತೆ. ಬೇಡವೆಂದೆ. ವಿಸ್ತರಣೆಗೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆಂದು ತೋರಿಸುವ ಆರು ಪತ್ರಗಳು, ಕನಿಷ್ಠ ಮೂರು ಬೇರೆ ಬೇರೆ ಮೂಲಗಳಿಂದ, ಎರಡು ವರ್ಷಗಳ ಉದ್ದಕ್ಕೂ ಹರಡಿಕೊಂಡಿರಬೇಕು. ನೀರಿನ ಬಿಲ್ಲು ನನ್ನ ಹೆಸರಿನಲ್ಲಿದೆ, ಕೌನ್ಸಿಲ್ ತೆರಿಗೆಯ ಪತ್ರ ಇಬ್ಬರ ಹೆಸರಿನಲ್ಲಿ ಬರುತ್ತದೆ. ಬಂದದ್ದೆಲ್ಲವೂ ಅಡುಗೆಮನೆಯ ಕಪಾಟಿನ ಮೇಲಿರುವ ಬಿಸ್ಕತ್ತಿನ ಡಬ್ಬಿಯನ್ನು ಸೇರುತ್ತಿದೆ.