ಇಎಲ್‌ಎಂ327 ಡಾಂಗಲ್: ಕೋಡ್ ಓದೋದಕ್ಕಲ್ಲ, ಅಂಕಿ ನೋಡೋದಕ್ಕೆ ತಗೊಳ್ಳಿ

ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡರೆ ಗ್ಯಾರೇಜಿನವರು ಮೊದಲು ಸ್ಟೀರಿಂಗ್ ಕೆಳಗೆ ಕೈಹಾಕಿ ಸ್ಕ್ಯಾನರ್ ಸಿಕ್ಕಿಸುತ್ತಾರೆ. ಆ ಕೆಲಸದ ಒಂದು ಪಾಲನ್ನು ಮನೆಯಲ್ಲೇ ಮಾಡಿಕೊಡುವ, ಬೆಂಕಿಪೊಟ್ಟಣದ ಗಾತ್ರದ ಬ್ಲೂಟೂತ್ ಡಾಂಗಲ್ ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೊಳ್ಳಬಹುದೇ? ಕೊಳ್ಳಬಹುದು. ಆದರೆ ಕೋಡ್ (ಕಾರು ತನ್ನ ತೊಂದರೆಗೆ ಕೊಡುವ ಸಂಕೇತ) ಓದೋದಕ್ಕೆಂದಷ್ಟೇ ಕೊಂಡವರ ಡಾಂಗಲ್ ಎರಡನೇ ತಿಂಗಳಿಗೆ ಗ್ಲೋವ್‌ಬಾಕ್ಸಿನಲ್ಲಿ ಧೂಳು ತಿನ್ನುತ್ತಿರುತ್ತದೆ. ಇಂಜಿನ್ ಓಡುತ್ತಿರುವಾಗ ಬರುವ ಅಂಕಿಗಳನ್ನು ಓದಲು ಕಲಿತವರಿಗೆ ಮಾತ್ರ ಕೊಟ್ಟ ದುಡ್ಡು ಹುಟ್ಟುತ್ತದೆ.

ಇಎಲ್‌ಎಂ327 ಎನ್ನುವುದು ಡಾಂಗಲ್ಲಿನ ಹೆಸರಲ್ಲ, ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಮಾಡುತ್ತಿದ್ದ ಚಿಪ್ಪಿನ ಹೆಸರು. ಕಾರಿನ ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಹೇಳಿದ್ದನ್ನು ಫೋನಿಗೆ ತಿಳಿಯುವಂತೆ ಮಾಡುವ ದುಭಾಷಿ ಅದು. ಮೊದಲ ಆವೃತ್ತಿಗೆ ನಕಲು ತಡೆಯುವ ಬೀಗ ಹಾಕಿರಲಿಲ್ಲ, ಹಾಗಾಗಿ ಊರೆಲ್ಲ ನಕಲು ಹುಟ್ಟಿತು. ಆ ಕಂಪನಿ 2022ರಲ್ಲಿ ಬಾಗಿಲು ಹಾಕಿದೆ. ಇವತ್ತು ಅಗ್ಗಕ್ಕೆ ಸಿಗುವುದೆಲ್ಲ ನಕಲು ಎಂದುಕೊಂಡೇ ಕೊಳ್ಳಬೇಕು. ತಮಾಷೆ ಏನೆಂದರೆ, ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆಯುವ '1.5' ಆವೃತ್ತಿಯನ್ನು ಮೂಲ ಕಂಪನಿ ಯಾವತ್ತೂ ಬಿಟ್ಟಿರಲೇ ಇಲ್ಲ. ಆದರೂ '2.1' ಎಂದು ಬರೆದ ನಕಲಿಗಿಂತ '1.5' ಎಂದು ಬರೆದ ನಕಲೇ ಸಾಮಾನ್ಯವಾಗಿ ವಾಸಿ. 2.1 ಹೆಸರಿನ ಎಷ್ಟೋ ಡಾಂಗಲ್‌ಗಳಲ್ಲಿ ಅರ್ಧಂಬರ್ಧ ಕಮಾಂಡುಗಳಷ್ಟೇ ಇರುತ್ತವೆ, ಕೆ-ಲೈನ್ ಎಂಬ ಹಳೆಯ ಸಂಪರ್ಕ ವಿಧಾನದ ಕಾರುಗಳ ಜೊತೆ ಅವು ಮಾತೇ ಆಡುವುದಿಲ್ಲ.

ನಿಮ್ಮ ಕಾರು ಕೆ-ಲೈನೋ, ಅದರ ನಂತರ ಬಂದ ಕ್ಯಾನ್ ಬಸ್ಸೋ ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಸ್ಟೀರಿಂಗ್ ಕೆಳಗೆ, ಕ್ಲಚ್ ಪೆಡಲ್ ಮೇಲ್ಭಾಗದ ಆಸುಪಾಸಿನಲ್ಲಿ 16 ತೂತಿನ ಪೋರ್ಟ್ ಇರುತ್ತದೆ, ಒಂದು ಬದಿ ಅಗಲ, ಒಂದು ಬದಿ ಕಿರಿದು. ಅಗಲದ ಬದಿ ಮೇಲೆ ಬರುವಂತೆ ಎದುರಿನಿಂದ ಟಾರ್ಚ್ ಬಿಟ್ಟು ನೋಡಿ. ಮೇಲಿನ ಸಾಲಿನಲ್ಲಿ ಎಡದಿಂದ ಆರನೆಯದು 6ನೇ ಪಿನ್, ಅದರ ನೇರ ಕೆಳಗಿನದು 14. ಈ ಎರಡರಲ್ಲೂ ಲೋಹ ಹೊಳೆದರೆ ಕ್ಯಾನ್. ಅವು ಖಾಲಿಯಿದ್ದು 7ರಲ್ಲಿ ಮಾತ್ರ ಲೋಹ ಇದ್ದರೆ ಕೆ-ಲೈನ್. ಭಾರತದಲ್ಲಿ ಓಬಿಡಿ-2 (ಕಾರು ತನ್ನ ತಪ್ಪನ್ನು ತಾನೇ ಪತ್ತೆಹಚ್ಚಿ ತಿಳಿಸುವ ವ್ಯವಸ್ಥೆ) ಕಡ್ಡಾಯವಾದದ್ದು ಏಪ್ರಿಲ್ 2013ರಿಂದ, ಅದರ ಹಿಂದಿನ ಕಾರುಗಳಲ್ಲಿ ಪೋರ್ಟ್ ಇದ್ದರೂ ಡಾಂಗಲ್‌ಗೆ ಉತ್ತರ ಸಿಗುವ ಖಾತ್ರಿ ಇಲ್ಲ. ಐಫೋನ್ ಇರುವವರು ಇನ್ನೊಂದು ನೋಡಿಕೊಳ್ಳಬೇಕು: ಹಳೇ ಕಾಲದ ಬ್ಲೂಟೂತ್ ಡಾಂಗಲ್ ಆಂಡ್ರಾಯ್ಡಿಗೆ ಮಾತ್ರ. ಐಫೋನಿಗೆ ವೈಫೈ ಅಥವಾ ಬ್ಲೂಟೂತ್ ಎಲ್‌ಇ ಇರುವುದೇ ಬೇಕು.

ಜೋಡಿಸುವುದು ಸುಲಭ. ಡಾಂಗಲ್ ಸಿಕ್ಕಿಸಿ, ಕೀ ತಿರುಗಿಸಿ ಇಗ್ನಿಷನ್ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಬೇಡ. ಬಟನ್ ಸ್ಟಾರ್ಟ್ ಇದ್ದರೆ ಕ್ಲಚ್ ಅಥವಾ ಬ್ರೇಕ್ ಒತ್ತದೆ ಬಟನ್ ಎರಡು ಸಲ. ಫೋನಿನ ಬ್ಲೂಟೂತ್‌ನಲ್ಲಿ ಪೇರ್ ಮಾಡುವಾಗ ಪಿನ್ 1234, ಇಲ್ಲವೇ 0000. ಆಮೇಲೆ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆ್ಯಪ್ ತೆರೆದು, ಸೆಟ್ಟಿಂಗ್ಸಿನಲ್ಲಿ ಈ ಡಾಂಗಲ್ ಆರಿಸಿ. ಪೇರ್ ಆಯಿತು, ಆದರೆ ಆ್ಯಪ್ ಕನೆಕ್ಟ್ ಆಗುತ್ತಿಲ್ಲ ಎನ್ನುವ ದೂರುಗಳಲ್ಲಿ ಹೆಚ್ಚಿನವು ಈ ಕಡೆಯ ಹೆಜ್ಜೆ ಮರೆತದ್ದರಿಂದಲೇ.

ಈಗ ಕೋಡ್. ಪಿ ಎಂದರೆ ಇಂಜಿನ್-ಗೇರ್‌ಬಾಕ್ಸ್, ಬಿ ಬಾಡಿ, ಸಿ ಚಾಸಿ, ಯು ಕಂಪ್ಯೂಟರ್‌ಗಳ ನಡುವಿನ ಸಂಪರ್ಕ. ಅಗ್ಗದ ಡಾಂಗಲ್ಲು ಸಾಮಾನ್ಯ ಆ್ಯಪ್ ಜೊತೆ ಓದುವುದು ಬಹುಪಾಲು ಪಿ ಕೋಡ್‌ಗಳನ್ನು ಮಾತ್ರ. ಏರ್‌ಬ್ಯಾಗ್, ಎಬಿಎಸ್, ಎಲೆಕ್ಟ್ರಿಕ್ ಸ್ಟೀರಿಂಗ್ ದೀಪ ಹತ್ತಿದ್ದರೆ ಇದನ್ನು ನಂಬಿ ಕೂರಬೇಡಿ, 'ಕೋಡ್ ಇಲ್ಲ' ಎಂದು ನಗುತ್ತಾ ಹೇಳಿಬಿಡುತ್ತದೆ.

ಜನ ಎಡವುವುದು ಕೋಡನ್ನು ಪಾರ್ಟಿನ ಹೆಸರು ಎಂದು ಓದುವಲ್ಲಿ. ಪಿ0302 ಎಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಷ್ಟೇ. ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ, ಕಿಡಿ ಹುಟ್ಟಿಸುವ ಕಾಯಿಲ್ ಕೆಟ್ಟಿದೆ ಎಂದು ಅದು ಹೇಳಿಲ್ಲ. ಎರಡನೇ ಸಿಲಿಂಡರಿನ ಕಾಯಿಲ್ ಬಿಚ್ಚಿ ಮೂರನೆಯದಕ್ಕೆ ಹಾಕಿ, ಮೂರನೆಯದನ್ನು ಎರಡಕ್ಕೆ. ಕೋಡ್ ಅಳಿಸಿ ಓಡಿಸಿ. ಈ ಸಲ ಪಿ0303 ಬಂದರೆ ತಪ್ಪು ಕಾಯಿಲ್‌ನದ್ದು, ಕಾಯಿಲ್ ಹಿಂದೆಯೇ ಕೋಡೂ ಹೋಯಿತು. 0302 ಅಲ್ಲೇ ಕೂತಿದ್ದರೆ ಸ್ಪಾರ್ಕ್ ಪ್ಲಗ್ಗನ್ನೂ ಹೀಗೇ ಅದಲುಬದಲು ಮಾಡಿ. ಆಗಲೂ ಅಲುಗದಿದ್ದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್, ಅದು ಗ್ಯಾರೇಜಿನ ಕೆಲಸ. ನಾಲ್ಕೂ ಕಾಯಿಲ್ ಬದಲಿಸುವ ಬಿಲ್ಲು ಈ ಅರ್ಧ ಗಂಟೆಯ ಕೆಲಸದಲ್ಲಿ ತಪ್ಪುತ್ತದೆ. ಇಂಜಿನ್ ದೀಪ ಸುಮ್ಮನೆ ಉರಿಯದೆ ಮಿಣುಕುತ್ತಿದ್ದರೆ ಮಾತ್ರ ಪ್ರಯೋಗ ಬೇಡ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿರುತ್ತದೆ, ಆಕ್ಸಿಲರೇಟರ್ ಬಿಟ್ಟು ಬದಿಗೆ ನಿಲ್ಲಿಸಿ.

ಇಷ್ಟಕ್ಕೇ ನಿಂತರೆ ಡಾಂಗಲ್ಲು ಸಾಧಾರಣ ಸಾಮಾನು. ಲೈವ್ ಡೇಟಾ ಪುಟಕ್ಕೆ ಬನ್ನಿ.

ಕೂಲಂಟ್, ಅಂದರೆ ಇಂಜಿನ್ ತಣಿಸುವ ದ್ರವದ ತಾಪಮಾನದಿಂದ ಶುರು ಮಾಡೋಣ, ಏಕೆಂದರೆ ಈಗಿನ ಎಷ್ಟೋ ಸಣ್ಣ ಕಾರುಗಳಲ್ಲಿ ಅದರ ಮುಳ್ಳೇ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಕುದಿಯುವ ಹೊತ್ತಿಗೆ ಕೆಂಪು ದೀಪ, ನಡುವೆ ಏನೂ ಗೊತ್ತಾಗುವುದಿಲ್ಲ. ಬಿಸಿಯಾದ ಇಂಜಿನ್ ಸಾಮಾನ್ಯವಾಗಿ 85ರಿಂದ 100 ಡಿಗ್ರಿ ನಡುವೆ ಇರುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗ ಏರಿ, ರೇಡಿಯೇಟರ್ ಫ್ಯಾನ್ ತಿರುಗಿದ ಮೇಲೆ ಇಳಿಯುತ್ತದೆ. ಹೈವೇಯಲ್ಲಿ ಅರ್ಧ ಗಂಟೆ ಓಡಿದರೂ 70 ದಾಟುತ್ತಿಲ್ಲವೆಂದರೆ ಕೂಲಂಟ್ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಹಾಕಿಕೊಂಡಿದೆ. ಇಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬಿದ್ದದ್ದಕ್ಕೆ ಕಾರಣ ಹುಡುಕುತ್ತಾ ಓನರ್ ಬಂಕ್ ಬದಲಿಸುತ್ತಾ ಇರುತ್ತಾರೆ. ಚಾರ್ಮಾಡಿಯೋ ಆಗುಂಬೆಯೋ ಹತ್ತುವಾಗ ಫೋನು ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ. ಏರಿನಲ್ಲಿ 100ರ ಆಸುಪಾಸು ಬರುವುದು ಸಹಜ. 105 ದಾಟಿ ಇಳಿಯುವ ಲಕ್ಷಣ ಇಲ್ಲದಿದ್ದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಹೆಚ್ಚಿಸಿ, ಜಾಗ ಸಿಕ್ಕಲ್ಲಿ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬಾರದು.

ಎರಡನೆಯದು ಫ್ಯುಯೆಲ್ ಟ್ರಿಮ್. ಪೆಟ್ರೋಲ್ ಕಾರಿನ ಜಾತಕವೇ ಇದು. ಲೆಕ್ಕಕ್ಕಿಂತ ಎಷ್ಟು ಶೇಕಡ ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಹಾಕಬೇಕಾಗಿ ಬಂದಿದೆ ಎಂದು ಇಸಿಯು ಹೇಳುವ ಅಂಕಿ. ಶಾರ್ಟ್ ಟರ್ಮ್ ಎಂದರೆ ಈ ಕ್ಷಣದ್ದು, ಲಾಂಗ್ ಟರ್ಮ್ ಎಂದರೆ ಅದು ಕಲಿತು ಇಟ್ಟುಕೊಂಡದ್ದು. ಎರಡನ್ನೂ ಕೂಡಿಸಿ ನೋಡಬೇಕು, ಮೊತ್ತ +10 ಮತ್ತು -10ರ ನಡುವೆ ಇದ್ದರೆ ತಲೆಕೆಡಿಸಿಕೊಳ್ಳಬೇಡಿ. ಇ10ಕ್ಕೆ (10 ಶೇಕಡ ಎಥನಾಲ್ ಬೆರೆತ ಪೆಟ್ರೋಲ್) ಹೊಂದಿಸಿದ ಕಾರಿಗೆ ಇ20 ತುಂಬಿಸಿದರೆ ಲೆಕ್ಕದ ಪ್ರಕಾರವೇ 4–5 ಶೇಕಡ ಹೆಚ್ಚು ಹಾಕಬೇಕಾಗುತ್ತದೆ, ಹಾಗಾಗಿ +5 ಕಂಡರೆ ಗಾಬರಿ ಬೇಡ.

ಪಿ0171, ಅಂದರೆ 'ಮಿಶ್ರಣ ತೆಳುವಾಗಿದೆ' ಎಂಬ ಕೋಡ್ ಬಂದಿದೆ ಎನ್ನಿ. ಬಿಸಿ ಇಂಜಿನ್ ಆಕ್ಸಿಲರೇಟರ್ ಒತ್ತದೆ ಐಡಲ್‌ನಲ್ಲಿದ್ದಾಗ ಟ್ರಿಮ್ ಮೊತ್ತ +22 ಇದೆ. ಹಾಗೇ 2500 ಆರ್‌ಪಿಎಂಗೆ ಏರಿಸಿ ಅರ್ಧ ನಿಮಿಷ ಹಿಡಿಯಿರಿ. +5ಕ್ಕೆ ಇಳಿಯಿತೇ? ಎಲ್ಲೋ ಗಾಳಿ ಸೋರಿ ಒಳಗೆ ಬರುತ್ತಿದೆ: ಒಡೆದ ವ್ಯಾಕ್ಯೂಮ್ ಪೈಪು, ಸಡಿಲವಾದ ಇನ್‌ಟೇಕ್ ಹೋಸ್, ಇಂಥದ್ದು. ಐಡಲ್‌ನಲ್ಲಿ ಇಂಜಿನ್ ಎಳೆಯುವ ಗಾಳಿಯೇ ಕಡಿಮೆ, ಸಣ್ಣ ಸೋರಿಕೆಯೂ ದೊಡ್ಡ ಪಾಲಾಗುತ್ತದೆ. ಆರ್‌ಪಿಎಂ ಏರಿದಾಗ ಅಷ್ಟೇ ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲ. ತಿರುವುಮುರುವಾಗಿ, ಐಡಲ್‌ನಲ್ಲಿ ಸರಿಯಿದ್ದು ಏರು ಹತ್ತುವಾಗ, ಓವರ್‌ಟೇಕ್ ಮಾಡುವಾಗ +20ಕ್ಕೆ ಹೋದರೆ ಪೆಟ್ರೋಲೇ ಸಾಲುತ್ತಿಲ್ಲ, ಫ್ಯುಯೆಲ್ ಫಿಲ್ಟರ್ ಇಲ್ಲವೇ ಪಂಪ್ ಕಡೆ ನೋಡಬೇಕು. ಕೋಡ್ ಒಂದೇ, ರಿಪೇರಿ ಎರಡು ಬೇರೆ ಮೂಲೆಗಳಲ್ಲಿ. ಈ ಎರಡು ಅಂಕಿಗಳನ್ನು ಮೆಕ್ಯಾನಿಕ್ ಕೈಗೆ ಕೊಟ್ಟರೆ ಆಕ್ಸಿಜನ್ ಸೆನ್ಸರ್ ಬದಲಿಸಿ ನೋಡೋಣ ಎಂಬ ಮಾತೇ ಬರುವುದಿಲ್ಲ.

ಸೆನ್ಸರ್‌ಗಳನ್ನೇ ಪರೀಕ್ಷಿಸಲು ಎರಡು ಸುಲಭ ಉಪಾಯ ಇವೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಕೂಲಂಟ್ ತಾಪಮಾನ ಮತ್ತು ಒಳಬರುವ ಗಾಳಿಯ ತಾಪಮಾನ ಹೆಚ್ಚುಕಮ್ಮಿ ಒಂದೇ ಇರಬೇಕು, ಮೂರ್ನಾಲ್ಕು ಡಿಗ್ರಿ ಆಚೀಚೆ. ಯಾವುದಾದರೂ -40 ತೋರಿಸಿದರೆ ನಿಮ್ಮೂರಿಗೆ ಹಿಮ ಬಿದ್ದಿಲ್ಲ, ಸೆನ್ಸರಿನ ವೈರ್ ತುಂಡಾಗಿದೆ ಅಥವಾ ಕನೆಕ್ಟರ್ ಕಳಚಿದೆ. ಮಳೆಗಾಲದಲ್ಲಿ ಬಾನೆಟ್ ಒಳಗೆ ಇಲಿ ಸೇರಿಕೊಂಡದ್ದು ಎಷ್ಟೋ ಸಲ ಮೊದಲು ಗೊತ್ತಾಗುವುದೇ ಈ -40ರಿಂದ. ಇನ್ನೊಂದು ಮ್ಯಾಪ್ ಸೆನ್ಸರ್, ಇಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ ಅಳೆಯುವಂಥದ್ದು. ಇಂಜಿನ್ ನಿಂತಿದ್ದು ಇಗ್ನಿಷನ್ ಆನ್ ಇದ್ದಾಗ ಅದು ತೋರಿಸಬೇಕಾದ್ದು ಊರಿನ ವಾಯುಭಾರವನ್ನೇ: ಮಂಗಳೂರಿನಲ್ಲಿ ಸುಮಾರು 100 ಕಿಲೋಪಾಸ್ಕಲ್, 900 ಮೀಟರಿಗಿಂತ ಎತ್ತರದ ಬೆಂಗಳೂರಿನಲ್ಲಿ 91ರ ಆಸುಪಾಸು. ಸ್ಟಾರ್ಟ್ ಮಾಡಿ ಐಡಲ್‌ಗೆ ಬಂದ ಮೇಲೆ ಪೆಟ್ರೋಲ್ ಇಂಜಿನ್ನಿನಲ್ಲಿ 25ರಿಂದ 40ಕ್ಕೆ ಇಳಿಯಬೇಕು. ಎಸಿ ಆಫ್ ಇದ್ದೂ 50ರ ಮೇಲೆ ನಿಂತು ಇಂಜಿನ್ ನಡುಗುತ್ತಿದ್ದರೆ ಮತ್ತೆ ಗಾಳಿ ಸೋರಿಕೆಯ ಕಡೆಗೇ ಬೆರಳು.

ಬ್ಯಾಟರಿ ವೋಲ್ಟೇಜ್ ವಿಷಯದಲ್ಲಿ ಮಾತ್ರ ಈ ಡಾಂಗಲ್ಲು ಅಷ್ಟು ನಂಬಿಕಸ್ಥನಲ್ಲ. ನಕಲು ಚಿಪ್‌ಗಳಲ್ಲಿ ಕಾಲು ವೋಲ್ಟ್ ಆಚೀಚೆ ತೋರಿಸುವುದು ಸಾಮಾನ್ಯ, ಒಮ್ಮೆ ಮಲ್ಟಿಮೀಟರ್ ಜೊತೆ ಹೋಲಿಸಿ ವ್ಯತ್ಯಾಸ ಬರೆದಿಟ್ಟುಕೊಳ್ಳಿ. ರಾತ್ರಿ ನಿಂತ ಬ್ಯಾಟರಿ 12.6 ಇದ್ದರೆ ತುಂಬಿದೆ, 12.2 ಎಂದರೆ ಅರ್ಧ ಖಾಲಿ. ಓಡುವಾಗ 13.8ರಿಂದ 14.5. ಹೊಸ ಕಾರುಗಳಲ್ಲಿ ಆಲ್ಟರ್ನೇಟರನ್ನು ಇಸಿಯುವೇ ನಿಯಂತ್ರಿಸುವುದರಿಂದ ಹೈವೇಯಲ್ಲಿ 12.8 ಕಂಡ ಕೂಡಲೇ ಆಲ್ಟರ್ನೇಟರ್ ಹೋಯಿತೆಂದು ತೀರ್ಮಾನಿಸಬೇಡಿ. ಆಕ್ಸಿಲರೇಟರ್ ಬಿಟ್ಟಾಗ 14 ದಾಟುತ್ತದೆಯೇ ನೋಡಿ.

ಡೀಸೆಲ್ ಬಿಎಸ್6 ಕಾರಿನವರು ಇದನ್ನು ಕೊಳ್ಳುವುದು ಡಿಪಿಎಫ್‌ನಲ್ಲಿ (ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್) ಎಷ್ಟು ಮಸಿ ತುಂಬಿದೆ ನೋಡಲು. ಅಲ್ಲಿ ಸ್ವಲ್ಪ ನಿರಾಸೆ ಕಾದಿದೆ. ಆ ಅಂಕಿ ಆಯಾ ಕಂಪನಿಯ ಗುಟ್ಟಿನ ಪಟ್ಟಿಯಲ್ಲಿರುತ್ತದೆ. ಆ್ಯಪ್‌ನಲ್ಲಿ ನಿಮ್ಮ ಮಾಡೆಲ್ಲಿನ ಪ್ರೊಫೈಲ್ ಇದ್ದರೆ ಸಿಗುತ್ತದೆ, ಇಲ್ಲವಾದರೆ ಇಲ್ಲ. ಎಲೆಕ್ಟ್ರಿಕ್ ಕಾರಿನದ್ದೂ ಇದೇ ಕತೆ.

ಕೋಡ್ ಅಳಿಸುವ ಗುಂಡಿ ಕೈಗೆ ಸಿಕ್ಕಿದೆ ಎಂದು ಮೊದಲು ಅದನ್ನೇ ಒತ್ತಬೇಡಿ. ಕೋಡ್ ಜೊತೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ತಪ್ಪು ನಡೆದ ಕ್ಷಣದ ಆರ್‌ಪಿಎಂ, ವೇಗ, ತಾಪಮಾನ ಎಲ್ಲ ಇರುವ ಪಂಚನಾಮೆ ಅದು. ಸ್ಕ್ರೀನ್‌ಶಾಟ್ ತೆಗೆದೇ ಅಳಿಸಿ.

ಇದೇ ಗುಂಡಿ ಸೆಕೆಂಡ್ ಹ್ಯಾಂಡ್ ಕಾರು ಮಾರುವವರ ಕೈಯಲ್ಲೂ ಇರುತ್ತದೆ. ತೋರಿಸಲು ತರುವ ಮೊದಲು ಅಳಿಸಿ ತಂದರೆ ದೀಪ ಹತ್ತುವುದಿಲ್ಲ. ಆದರೆ 'ಕೋಡ್ ಅಳಿಸಿದ ಮೇಲೆ ಓಡಿದ ದೂರ' ಎಂಬ ಇನ್ನೊಂದು ಅಂಕಿಯನ್ನು ಇಸಿಯು ಇಟ್ಟುಕೊಂಡಿರುತ್ತದೆ. 60,000 ಕಿಲೋಮೀಟರ್ ಓಡಿದ ಕಾರು ಅಲ್ಲಿ 12 ಕಿಲೋಮೀಟರ್ ಎಂದರೆ, ಇವತ್ತು ಬೆಳಿಗ್ಗೆ ಏನನ್ನು ಅಳಿಸಿದಿರಿ ಎಂದು ಕೇಳುವ ಹಕ್ಕು ನಿಮಗಿದೆ. ಜೊತೆಗೆ ರೆಡಿನೆಸ್ ಮಾನಿಟರ್ (ಇಸಿಯು ತಾನೇ ಮಾಡಿ ಮುಗಿಸುವ ಪರೀಕ್ಷೆಗಳ ಪಟ್ಟಿ) ಪುಟದಲ್ಲಿ ಅರ್ಧಕ್ಕರ್ಧ 'ಅಪೂರ್ಣ' ಎಂದಿದ್ದರೆ ಅನುಮಾನ ಇನ್ನಷ್ಟು ಗಟ್ಟಿ. ಬ್ಯಾಟರಿ ಹೊಸದಾಗಿ ಹಾಕಿದ್ದರೂ ಹೀಗಾಗಬಹುದು, ಬಿಲ್ ಕೇಳಿ.

ಕೆಲಸ ಮುಗಿದ ಮೇಲೆ ಡಾಂಗಲ್ ಕಿತ್ತಿಡಬೇಕು. ಪೋರ್ಟಿನ 16ನೇ ಪಿನ್ನಿಗೆ ಬ್ಯಾಟರಿಯಿಂದ ನೇರ ಕರೆಂಟ್, ಕೀ ತೆಗೆದರೂ ನಿಲ್ಲುವುದಿಲ್ಲ. ನಕಲು ಡಾಂಗಲ್ಲಿಗೆ ನಿದ್ದೆ ಗೊತ್ತಿಲ್ಲ. 45 ಮಿಲಿಆ್ಯಂಪ್ ಎಳೆಯಿತೆಂದರೆ ದಿನಕ್ಕೆ 1 ಆ್ಯಂಪ್-ಅವರ್ ಮೇಲಾಯಿತು. ಸಣ್ಣ ಕಾರಿನ 35 ಆ್ಯಂಪ್-ಅವರ್ ಬ್ಯಾಟರಿಯ ಹತ್ತಿರಹತ್ತಿರ ಅರ್ಧ ಎರಡು ವಾರಕ್ಕೆ ಇದಕ್ಕೇ ಹೋಗುತ್ತದೆ, ಊರಿಗೆ ಹೋಗಿ ಬರುವಷ್ಟರಲ್ಲಿ ಕಾರು ತಳ್ಳಬೇಕು. ಕೆಲವು ಕಾರುಗಳಲ್ಲಿ ಡಾಂಗಲ್ ಚಾಚಿಕೊಂಡು ಮೊಣಕಾಲಿಗೂ ತಾಗುತ್ತದೆ.

ವರ್ಷಕ್ಕೆ ಮೂರ್ನಾಲ್ಕು ಸಲ ನೋಡುವವರಿಗೆ ಅಗ್ಗದ್ದೇ ಸಾಕು. ಒಟ್ಟಿಗೆ ಏಳೆಂಟು ಅಂಕಿ ಕೇಳಿದರೆ ಅದು ತೆವಳುತ್ತದೆ, ನಡುವೆ ಸಂಪರ್ಕವೂ ಕಡಿಯುತ್ತದೆ, ನಾಲ್ಕಕ್ಕೆ ಮಿತಿ ಇಟ್ಟುಕೊಳ್ಳಿ. ಗ್ರಾಫ್ ಹಾಕಿ ದಿನವಿಡೀ ಲಾಗ್ ಮಾಡುವವರು ಕೆಲವು ಸಾವಿರ ಹೆಚ್ಚು ಕೊಟ್ಟು ಓಬಿಡಿಲಿಂಕ್ ಅಥವಾ ವಿಲಿಂಕರ್ ದರ್ಜೆಯದ್ದು ನೋಡಲಿ, ವೇಗದ ಅಂತರ ಮೊದಲ ನಿಮಿಷದಲ್ಲೇ ತಿಳಿಯುತ್ತದೆ. ಇದೇ ಪೋರ್ಟಿಗೆ ಸಿಕ್ಕಿಸಿದರೆ ಮೈಲೇಜ್ ಹೆಚ್ಚುತ್ತದೆ ಎಂದು ಮಾರುವ 'ಫ್ಯುಯೆಲ್ ಸೇವರ್'ಗಳಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ, ಬಿಚ್ಚಿ ನೋಡಿದವರಿಗೆ ಸಿಕ್ಕಿದ್ದು ಮಿಣುಕುವ ದೀಪ ಮಾತ್ರ.

ಡಾಂಗಲ್ ಕೈಸೇರಿದ ದಿನವೇ, ರಿಟರ್ನ್ ಅವಧಿ ಮುಗಿಯುವ ಮುಂಚೆ, ಕಾರಿನಲ್ಲಿ ಹತ್ತು ನಿಮಿಷ ಕೂತು ನೋಡಿ: ಆರ್‌ಪಿಎಂ ಮುಳ್ಳು ಮತ್ತು ಆ್ಯಪ್‌ನ ಅಂಕಿ ಹೊಂದುತ್ತವೆಯೇ, ಕೂಲಂಟ್ ನಿಧಾನವಾಗಿ ಏರುತ್ತಿದೆಯೇ, ಹತ್ತು ನಿಮಿಷದಲ್ಲಿ ಎಷ್ಟು ಸಲ ಸಂಪರ್ಕ ಕಡಿಯಿತು. ಎರಡಕ್ಕಿಂತ ಹೆಚ್ಚು ಸಲ ಕಡಿದರೆ ಅದೇ ಪೆಟ್ಟಿಗೆಗೆ ಹಾಕಿ ವಾಪಸ್ ಕಳಿಸಿ.