200 ರೂಪಾಯಿಯ ಕಾರ್ಯಾಗಾರ ಮತ್ತು ನನ್ನ ಜೇಬಿನ ಚಾಕೊಲೇಟ್

ಸೊಸೆ ಹೆಸರು ಬರೆಸಿ 200 ರೂಪಾಯಿ ಕಟ್ಟಿದ್ದಳು. ಆ ಭಾನುವಾರವೇ ಅವಳಿಗೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ ಬಿತ್ತು. ಮಗನನ್ನು ಹೋಗು ಎಂದರೆ, ‘ಇದರಲ್ಲಿ ಹೇಳಿಸಿಕೊಳ್ಳುವುದೇನಿದೆ?’ ಎಂದು ಸ್ಕೂಟರ್ ತೊಳೆಯಲು ಕುಳಿತ. 32 ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ನೋಟು ಎಣಿಸಿದವನು ನಾನು. ಕಟ್ಟಿದ ಹಣ ಸುಮ್ಮನೆ ಹೋಗುವುದನ್ನು ನೋಡಲಾರೆ. ಹಾಗಾಗಿ ಮೈಸೂರಿನ ಕುವೆಂಪುನಗರದ ಒಂದು ಸಭಾಂಗಣದಲ್ಲಿ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಬಗ್ಗೆ ತಂದೆತಾಯಿಯರಿಗಾಗಿ ಏರ್ಪಡಿಸಿದ್ದ ಕಾರ್ಯಾಗಾರಕ್ಕೆ ತಾತನಾದ ನಾನು ಹೋದೆ. ನಡೆಸಿದವರ ಹೆಸರು ಬರೆಯುವುದಿಲ್ಲ. ಹೊಗಳಿದರೆ ಜಾಹೀರಾತು ಎನ್ನುತ್ತೀರಿ, ತೆಗಳಿದರೆ ಅವರು ನೊಂದುಕೊಳ್ಳುತ್ತಾರೆ. ಇಲ್ಲಿ ಎರಡೂ ಇವೆ.

ಮೊದಲು ತಕರಾರು ಮುಗಿಸಿಬಿಡುತ್ತೇನೆ. ಹತ್ತು ಗಂಟೆಗೆ ಎಂದಿದ್ದರು, ಶುರುವಾದದ್ದು 10.40ಕ್ಕೆ. ಮೈಕು ಕಿರುಚುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೂರು ಗಂಟೆ ಕೂರಲು ನನ್ನ ಸೊಂಟ ಒಪ್ಪಲಿಲ್ಲ. ಬಿಡುವಿನಲ್ಲಿ ಕೊಟ್ಟ ಕಾಫಿಗೆ ಡಿಕಾಕ್ಷನ್ನನ್ನು ದೂರದಿಂದ ತೋರಿಸಿದ್ದರು, ಅಷ್ಟೇ. ಕೈಗಿತ್ತ ನಾಲ್ಕು ಪುಟಗಳ ಝೆರಾಕ್ಸ್‌ನಲ್ಲಿ ಎರಡು ಪುಟ ಇಂಗ್ಲಿಷಿನಲ್ಲಿದ್ದವು. ಪಕ್ಕದಲ್ಲಿ ಕುಳಿತಿದ್ದ ಹೂವಿನ ವ್ಯಾಪಾರದ ಹೆಂಗಸು ಅದನ್ನು ನಾಲ್ಕಾಗಿ ಮಡಿಸಿ ಚೀಲಕ್ಕೆ ಹಾಕಿಕೊಂಡರು. ನಲವತ್ತು ಚಿಲ್ಲರೆ ಜನರಲ್ಲಿ ಗಂಡಸರು ಐದೇ ಮಂದಿ, ನನ್ನನ್ನೂ ಸೇರಿಸಿ. ಇದು ಮಾತ್ರ ಅವರ ತಪ್ಪಲ್ಲ, ಸ್ಕೂಟರ್ ತೊಳೆಯುವವರ ತಪ್ಪು.

ಇನ್ನು ಒಳಗೆ ನಡೆದದ್ದು. ಪಾಠ ಮಾಡಿದವರು ಮೂವತ್ತರ ಆಸುಪಾಸಿನ ಹೆಣ್ಣುಮಗಳು. ‘ಸ್ನಾನ ಮಾಡಿಸುವಾಗ ಮಗುವಿಗೆ ಕಣ್ಣು, ಮೂಗು, ಹೊಟ್ಟೆ ಎಂದು ಹೇಳಿಕೊಡುತ್ತೀರಿ. ಅದರ ಕೆಳಗೆ?’ ಎಂದು ಕೇಳಿದರು. ಸಭೆ ನಕ್ಕಿತು. ಯಾರೋ ‘ಶೇಮ್ ಶೇಮ್’ ಎಂದರು. ‘ಮೈಯ ಒಂದು ಭಾಗಕ್ಕೆ ನಾಚಿಕೆ ಎಂದೇ ಹೆಸರಿಟ್ಟುಬಿಟ್ಟರೆ, ಅಲ್ಲಿ ಯಾರಾದರೂ ಕೈ ಹಾಕಿದಾಗ ಮಗು ಯಾವ ಬಾಯಿಂದ ಬಂದು ಹೇಳಬೇಕು?’ ಎಂದರು ಆಕೆ. ನಗು ನಿಂತಿತು. ಶಿಶ್ನ, ಯೋನಿ ಎಂಬ ಪದಗಳನ್ನು ಇಡೀ ಸಭೆಯಿಂದ ಜೋರಾಗಿ ಹೇಳಿಸಿದರು. ನನ್ನ ತುಟಿ ಆಡಿತು, ದನಿ ಬರಲಿಲ್ಲ.

ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ ಎಂಬ ಮಾತನ್ನೂ ಆಕೆ ಬಿಡಿಸಿದರು. ಕೆಟ್ಟದ್ದು ಎಂದರೆ ನೋಯಬೇಕು ಎಂದು ಮಗು ತಿಳಿಯುತ್ತದೆ, ನೋಯದಿದ್ದರೆ ಗೊಂದಲಕ್ಕೆ ಬೀಳುತ್ತದೆ, ಆಮೇಲೆ ಕೆಟ್ಟವನು ನಾನೇ ಎಂದುಕೊಳ್ಳುತ್ತದೆ. ಅದಕ್ಕೆ ಸುರಕ್ಷಿತ, ಅಸುರಕ್ಷಿತ ಎನ್ನಿ ಎಂದರು.

ಅಂಕಿಅಂಶದ ಪರದೆ ಬಂದಾಗ ನಾನು ಕನ್ನಡಕ ಸರಿ ಮಾಡಿಕೊಂಡೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ. 13 ರಾಜ್ಯಗಳ 12,447 ಮಕ್ಕಳು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಎದುರಿಸಿದ್ದೇವೆ ಎಂದವರು ಶೇ 53.22. ಈ ಸಂಖ್ಯೆಯನ್ನು ಎಲ್ಲೋ ಓದಿದ್ದೆ. ಓದಿರದಿದ್ದದ್ದು ಅದರ ಕೆಳಗಿನ ಸಾಲು: ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಗಂಡುಮಕ್ಕಳು. ನಾನು ಆರು ವರ್ಷದ ಮೊಮ್ಮಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದೆ. ಒಂಬತ್ತು ವರ್ಷದ ಮೊಮ್ಮಗ ಲೆಕ್ಕದಲ್ಲೇ ಇರಲಿಲ್ಲ.

ಬಿಡುವಿನ ನಂತರದ ಮುಕ್ಕಾಲು ಗಂಟೆಗೇ ಆ 200 ರೂಪಾಯಿ ಸಂದಿತು. ಇಂಥ ಕೆಲಸ ಮಾಡುವವನು ಬಹುಪಾಲು ಗೊತ್ತಿದ್ದವನೇ, ಮನೆಗೆ ಬಂದು ಹೋಗುವವನೇ. ಆತುರಪಡುವುದಿಲ್ಲ ಎಂದು ಆಕೆ ವಿವರಿಸಿದರು. ಮೊದಲು ದೊಡ್ಡವರ ಮೆಚ್ಚುಗೆ ಗಳಿಸುತ್ತಾನೆ. ಮಗುವಿಗೆ ಏನಾದರೂ ತಂದುಕೊಡುತ್ತಾನೆ. ಕೊಟ್ಟದ್ದಕ್ಕೆ ಪ್ರತಿಯಾಗಿ ಏನನ್ನಾದರೂ ಕೇಳುತ್ತಾನೆ. ಸಣ್ಣದೊಂದು ಗುಟ್ಟು ಮಾಡಿಸಿ, ಮಗು ಅದನ್ನು ಮನೆಯಲ್ಲಿ ಹೇಳುತ್ತದೋ ಇಲ್ಲವೋ ನೋಡುತ್ತಾನೆ.

ನನ್ನ ಜೇಬಿನಲ್ಲಿ ಆಗ ಎರಡು ಚಾಕೊಲೇಟ್ ಇದ್ದವು. ದಿನಾ ಸಂಜೆ ಮೊಮ್ಮಗಳಿಗೆ ‘ತಾತನಿಗೆ ಮುತ್ತು ಕೊಡು, ಚಾಕೊಲೇಟ್ ತೆಗೆದುಕೊ’ ಎನ್ನುವವನು ನಾನು. ಹಲ್ಲಿನ ಡಾಕ್ಟರು ಸಿಹಿ ಬೇಡ ಎಂದಿರುವುದರಿಂದ ‘ಅಮ್ಮನಿಗೆ ಹೇಳಬೇಡ’ ಎಂದೂ ಸೇರಿಸುತ್ತಿದ್ದೆ. ನನ್ನ ಮನಸ್ಸಿನಲ್ಲಿ ಕಲ್ಮಶವಿಲ್ಲ, ಅದು ಬೇರೆ ಮಾತು. ಆದರೆ ಮುತ್ತಿಗೆ ಬೆಲೆ ಕಟ್ಟುವುದನ್ನೂ ಅಮ್ಮನಿಂದ ಮುಚ್ಚಿಡುವುದನ್ನೂ ಆ ಮಗುವಿಗೆ ಎರಡು ವರ್ಷ ದಿನಾ ರೂಢಿ ಮಾಡಿಸಿದವನು ನಾನೇ. ನಾಳೆ ಇನ್ನೊಬ್ಬ ಅದೇ ಮಾತು ಆಡಿದರೆ ಅವಳಿಗೆ ಅದು ಹೊಸದಾಗಿ ಕಾಣುವುದಿಲ್ಲ. ಕೌಂಟರಿನಲ್ಲಿ ಒಂದೂ ಖೋಟಾ ನೋಟು ದಾಟಿಸಿದವನಲ್ಲ ಎಂಬ ಹೆಮ್ಮೆ ನನ್ನದು. ಕುಳಿತಲ್ಲೇ ಬೆವತೆ.

ಆಮೇಲೆ ಅಭಿನಯ. ಆಕೆ ಎಂಟು ವರ್ಷದ ಮಗು, ನಾನು ತಾತ. ‘ತಾತ, ಟ್ಯೂಷನ್ ಅಣ್ಣ ನನ್ನ ಚಡ್ಡಿಯೊಳಗೆ ಕೈ ಹಾಕುತ್ತಾನೆ.’ ನನ್ನ ಬಾಯಿಂದ ಬಂದದ್ದು, ‘ಯಾವಾಗ? ಆಗಲೇ ಯಾಕೆ ಹೇಳಲಿಲ್ಲ?’ ಆಕೆ ತಲೆ ತಗ್ಗಿಸಿ ಸುಮ್ಮನಾದರು. ಅಭಿನಯ ಮುಂದುವರಿಯಲೇ ಇಲ್ಲ. ‘ಸರ್, ತಪ್ಪು ತಿಳಿಯಬೇಡಿ. ಮಗು ಇನ್ನು ಬಾಯಿ ಬಿಡುವುದಿಲ್ಲ’ ಎಂದರು. ಹೇಳಬೇಕಾದದ್ದು ಮೂರೇ ಮಾತಂತೆ: ಹೇಳಿದ್ದು ಒಳ್ಳೆಯದಾಯಿತು, ನಿನ್ನನ್ನು ನಂಬುತ್ತೇನೆ, ತಪ್ಪು ನಿನ್ನದಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬಾರದು, ಉಳಿಸಿಕೊಳ್ಳಲು ಆಗುವುದಿಲ್ಲ. ಕೆದಕಿ ಕೆದಕಿ ಕೇಳಬಾರದು. ಮಗು ಆಡಿದ ಮಾತನ್ನು ಹಾಗೆಯೇ ಬರೆದಿಡಬೇಕು. ಎರಡನೇ ಸಲ ನಾನು ಸರಿಯಾಗಿ ಹೇಳಿದೆ. ಹೂವಿನ ಹೆಂಗಸು ಮೊದಲ ಸಲವೇ ನಮ್ಮೆಲ್ಲರಿಗಿಂತ ಚೆನ್ನಾಗಿ ಮಾಡಿದರು. ಏನೂ ಹೇಳದೆ ನೆಲದಲ್ಲಿ ಕುಳಿತರು, ‘ಬಾ ಕಂದ, ಇಲ್ಲೇ ಇದ್ದೇನೆ’ ಎಂದರು.

ಕಾನೂನಿನ ಭಾಗವನ್ನು ವಕೀಲರೊಬ್ಬರು ಅರ್ಧ ಗಂಟೆಯಲ್ಲಿ ಓಡಿಸಿದರು. ಬರೆದುಕೊಂಡದ್ದಿಷ್ಟು: ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ 2012ರದು, ಜಾರಿಗೆ ಬಂದದ್ದು ಅದೇ ವರ್ಷ ನವೆಂಬರ್ 14ರಂದು; 18 ತುಂಬದ ಹುಡುಗ ಹುಡುಗಿಯರಿಬ್ಬರಿಗೂ ಅನ್ವಯ. ಸೆಕ್ಷನ್ 19ರ ಪ್ರಕಾರ ಗೊತ್ತಿದ್ದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಬರುವ ಅಧಿಕಾರಿ ಸಮವಸ್ತ್ರದಲ್ಲಿರಬಾರದು. ತುರ್ತು ಚಿಕಿತ್ಸೆಗೆ ಎಫ್‌ಐಆರ್ ತನ್ನಿ ಎಂದು ಆಸ್ಪತ್ರೆ ಕೇಳುವಂತಿಲ್ಲ. ಮಕ್ಕಳ ಸಹಾಯವಾಣಿ 1098. ಝೆರಾಕ್ಸ್‌ನಲ್ಲಿ ಇಂಗ್ಲಿಷಿನಲ್ಲಿದ್ದ ಎರಡು ಪುಟ ಇದೇ ಭಾಗ. ಕನ್ನಡ ಮಾತ್ರ ಓದಬಲ್ಲವರಿಗೆ ಅತಿ ಹೆಚ್ಚು ಬೇಕಾದದ್ದು ಇದೇ ಅಲ್ಲವೇ? ಮೊಬೈಲ್ ಆಟಗಳಲ್ಲಿ ಅಪರಿಚಿತರು ಮಾತಿಗಿಳಿಯುವ ವಿಷಯಕ್ಕೆ ಕೊನೆಗೆ ಹತ್ತು ನಿಮಿಷವೂ ಉಳಿಯಲಿಲ್ಲ.

ನನಗೆ ನಿಜಕ್ಕೂ ಬೇಸರವಾದದ್ದು ಬೇರೆ. ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು, ‘ಮಾಡಿದವನು ಮನೆಯವನೇ ಆದರೆ? ಅವನ ದುಡಿಮೆಯಿಂದಲೇ ಒಲೆ ಉರಿಯುತ್ತಿದ್ದರೆ?’ ಎಂದು ಕೇಳಿದರು. ವಕೀಲರು ಸೆಕ್ಷನ್ 19 ಅನ್ನು ಮತ್ತೊಮ್ಮೆ ಓದಿ, ಮಗುವಿನ ಗುರುತನ್ನು ಯಾರೂ ಬಯಲು ಮಾಡುವಂತಿಲ್ಲ ಎಂದು ಸೇರಿಸಿ, ಗಡಿಯಾರ ನೋಡಿದರು. ಉತ್ತರ ಸರಿಯೇ. ಆ ತಾಯಿ ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ಪಾಠ ಮಾಡಿದ ಹೆಣ್ಣುಮಗಳು ಕಾರ್ಯಕ್ರಮ ಮುಗಿದ ಮೇಲೆ ಅವರನ್ನು ಬದಿಗೆ ಕರೆದು ಬಹಳ ಹೊತ್ತು ಮಾತನಾಡಿದ್ದನ್ನು ಬಸ್ಸಿಗೆ ಕಾಯುತ್ತಾ ಕಿಟಕಿಯಿಂದ ನೋಡಿದೆ. ಅದೂ ಲೆಕ್ಕಕ್ಕೆ ಬರಲಿ. ಆದರೂ ಐದರಲ್ಲಿ ನಾಲ್ಕೇ ಅಂಕ.

ಅಂದು ಸಂಜೆ ಚಾಕೊಲೇಟುಗಳನ್ನು ಸೊಸೆಯ ಕೈಗೆ ಕೊಟ್ಟು ಎಲ್ಲ ಹೇಳಿದೆ. ‘ನನಗೆ ಗೊತ್ತಿತ್ತು ಮಾವ, ಹಾಸಿಗೆಯ ಕೆಳಗೆ ಕಾಗದ ಸಿಗುತ್ತಿದ್ದವು’ ಎಂದಳು. ಮುಂದಿನ ವಾರ ನನ್ನ ತಂಗಿ ಬಂದಾಗ ಮೊಮ್ಮಗಳು ಮುತ್ತು ಕೊಡಲು ಒಲ್ಲೆ ಎಂದಳು. ತಂಗಿಗೆ ಕೋಪ ಬಂತು, ‘ಎಷ್ಟು ಜಂಬ ಇದಕ್ಕೆ’ ಎಂದಳು. ಅವಳು ನಮಸ್ಕಾರ ಮಾಡಿದ್ದಾಳೆ, ಅಷ್ಟು ಸಾಕು ಎಂದೆ. ಊಟ ಮುಗಿಯುವವರೆಗೂ ತಂಗಿ ನನ್ನೊಡನೆ ಮಾತನಾಡಲಿಲ್ಲ.

ಮುಂದಿನ ತಿಂಗಳು ಇನ್ನೊಂದು ಕಾರ್ಯಾಗಾರವಿದೆ. ಹೋಗುವವರು ಕೂರಲು ಒಂದು ದಿಂಬನ್ನೂ ಫ್ಲಾಸ್ಕಿನಲ್ಲಿ ಕಾಫಿಯನ್ನೂ ಒಯ್ಯಿರಿ. ಮಗನ ಹೆಸರು ಬರೆಸಿ ಹಣ ಕಟ್ಟಿದ್ದೇನೆ. ಸ್ಕೂಟರನ್ನು ಶನಿವಾರವೇ ತೊಳೆದಿಡು ಎಂದು ಹೇಳಿದ್ದೇನೆ.