ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಜರ್ಮನಿ ಸುತ್ತಲು ಹೊರಟಿದ್ದೀರಾ? ಮೊದಲು ಇದನ್ನು ಓದಿ

2025ರ ಜೂನ್ 7, ಶನಿವಾರ. ಬೆಳಿಗ್ಗೆ ಹನ್ನೊಂದೂವರೆ ಗಂಟೆ. ಜರ್ಮನಿಯ ಎ61 ಹೆದ್ದಾರಿಯ ಅಂಚಿನಲ್ಲಿ ನನ್ನ ಕಾರು ನಿಂತಿತ್ತು. ಬಾನೆಟ್ ಸಂದಿಯಿಂದ ಹಬೆ ಬರುತ್ತಿತ್ತು. ನನ್ನ ಹೆಂಡತಿ ಕೂತಿದ್ದ ಬಾಗಿಲಿನ ಪಕ್ಕದಲ್ಲೇ ಲಾರಿಗಳು ಓಡುತ್ತಿದ್ದವು. ಒಂದೊಂದು ಲಾರಿ ಹೋದಾಗಲೂ ನಮ್ಮ ಪುಟ್ಟ ಕಾರು ಅಲ್ಲಾಡುತ್ತಿತ್ತು. ಆ ಹತ್ತು ನಿಮಿಷದ ಭಯ ಇವತ್ತಿಗೂ ಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ಇರುವವರ ಒಂದು ಸಣ್ಣ ಕ್ಲಬ್ಬಿಗೆ ಸೇರಿದ್ದೇನೆ. ಒಟ್ಟು ಒಂಬತ್ತು ಕಾರು ಹೊರಟಿದ್ದೆವು. ಹಾರ್ವಿಚ್‌ನಿಂದ ರಾತ್ರಿ ಹಡಗು, ಬೆಳಿಗ್ಗೆ ನೆದರ್‌ಲ್ಯಾಂಡ್ಸ್‌ನ ಹುಕ್ ಆಫ್ ಹಾಲೆಂಡ್. ಅಲ್ಲಿಂದ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕ್, ಮೋಸೆಲ್ ನದಿ ದಂಡೆಯ ಕೊಖೆಮ್, ಆಮೇಲೆ ದಕ್ಷಿಣಕ್ಕೆ ಬ್ಲ್ಯಾಕ್ ಫಾರೆಸ್ಟ್, ಸ್ಟುಟ್‌ಗಾರ್ಟಿನ ಕಾರು ಮ್ಯೂಸಿಯಮ್ಮುಗಳು. ಜೂನ್ 11ಕ್ಕೆ ವಾಪಸ್ ಹಡಗು. ಒಂಬತ್ತರಲ್ಲಿ ನಾಲ್ಕು ಕಾರು ದಾರಿಯಲ್ಲಿ ಕೆಟ್ಟವು. ನಾಲ್ಕೂ ಚಿಕ್ಕ ಕಾರಣಕ್ಕೆ. ಆದರೆ ಕೆಟ್ಟ ಮೇಲೆ ಏನು ಮಾಡೋದು ಅಂತ ನಮ್ಮಲ್ಲಿ ಒಬ್ಬರನ್ನು ಬಿಟ್ಟರೆ ಯಾರೂ ಯೋಚಿಸಿರಲಿಲ್ಲ. ಗುಂಪಿನಲ್ಲಿ ಹೋಗುತ್ತಿದ್ದೇವೆ, ಯಾರಾದರೂ ನೋಡಿಕೊಳ್ಳುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದೆವು.

ನನ್ನದು 1996ರ ಕಾರು. ಅದರ ರೇಡಿಯೇಟರ್ ಕಾರಿನ ಜೊತೆ ಬಂದದ್ದೇ. ಇಂಥ ರೇಡಿಯೇಟರಿನ ನಡುವಿನ ಭಾಗ ಲೋಹದ್ದು, ಮೇಲೆ ಕೆಳಗೆ ಪ್ಲಾಸ್ಟಿಕ್ ಟ್ಯಾಂಕ್. ಹೊಸದರಲ್ಲಿ ಆ ಪ್ಲಾಸ್ಟಿಕ್ ಕಪ್ಪಗಿರುತ್ತದೆ. ವರ್ಷಗಟ್ಟಲೆ ಕಾದು ತಣಿದು ಕಂದು ಬಣ್ಣಕ್ಕೆ ತಿರುಗುತ್ತದೆ. ಕಂದು ಆಯಿತು ಅಂದರೆ ಗಡುಸಾಗಿದೆ, ಯಾವಾಗ ಬೇಕಾದರೂ ಬಿರುಕು ಬಿಡಬಹುದು ಅಂತ ಅರ್ಥ. ನನ್ನ ಕಾರಿನದ್ದು ಕಂದಾಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೆ. ನೋಡಿ ಸುಮ್ಮನಿದ್ದೆ.

ಆ ಶನಿವಾರ ಕೋಬ್ಲೆನ್ಜ್ ಹತ್ತಿರ ಭಾರೀ ಟ್ರಾಫಿಕ್ ಜಾಮ್. ಮುಕ್ಕಾಲು ಗಂಟೆ ತೆವಳಿಕೊಂಡು ಹೋದೆವು. ಕಾರು ನಿಂತು ನಿಂತು ಹೋದರೆ ರೇಡಿಯೇಟರಿಗೆ ಗಾಳಿ ಸಿಗುವುದಿಲ್ಲ, ಬರೀ ಫ್ಯಾನ್ ಮೇಲೆ ನಡೆಯಬೇಕು. ಒಳಗೆ ಶಾಖವೂ ಒತ್ತಡವೂ ಏರುತ್ತದೆ. ಆಮೇಲೆ ವಿನ್ನಿಂಗನ್ ಊರಿನ ಹತ್ತಿರ ಮೋಸೆಲ್ ಕಣಿವೆಯ ದೊಡ್ಡ ಸೇತುವೆ ಬರುತ್ತದೆ. 136 ಮೀಟರ್ ಎತ್ತರ, ಕೆಳಗೆ ದ್ರಾಕ್ಷಿ ತೋಟಗಳು. ಅದನ್ನು ದಾಟಿದರೆ ಹುನ್ಸ್‌ರ್ಯುಕ್ ಗುಡ್ಡಗಳ ಏರು. ಜಾಮಿನಲ್ಲಿ ಬೆಂದ ಎಂಜಿನ್ನಿಗೆ ತಕ್ಷಣ ಏರು ಸಿಕ್ಕಿತು. ಅಲ್ಲೇ ಟ್ಯಾಂಕ್ ಬಿರಿಯಿತು.

ಇಲ್ಲೊಂದು ವಿಷಯ ಗಮನಿಸಿ. ಟೆಂಪರೇಚರ್ ಮುಳ್ಳು ಮೇಲೇರಲಿಲ್ಲ. ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ನೀರು, ಪೂರ್ತಿ ಸೋರಿ ಹೋದರೆ ಸೆನ್ಸರ್ ನೀರಿನಲ್ಲಿ ಮುಳುಗಿರುವುದಿಲ್ಲ, ಆಗ ಅದು ಸರಿಯಾಗಿ ಅಳೆಯುವುದಿಲ್ಲ. ನನಗೆ ಗೊತ್ತಾಗಿದ್ದು ಹೀಟರಿನಿಂದ. ಗಾಜಿನ ಮಂಜು ಹೋಗಲಿ ಅಂತ ಬಿಸಿ ಗಾಳಿ ಹಾಕಿದ್ದೆ. ಅದು ಇದ್ದಕ್ಕಿದ್ದಂತೆ ತಣ್ಣಗಾಯಿತು. ಹೀಟರಿಗೆ ಹೋಗುವುದೂ ಅದೇ ಕೂಲೆಂಟ್ ತಾನೇ. ಬಿಸಿ ಗಾಳಿ ತಣ್ಣಗಾದರೆ ಮುಳ್ಳನ್ನು ನಂಬಬೇಡಿ, ಎಂಜಿನ್ ಆಫ್ ಮಾಡಿ. ನಾನು ಒಂದು ನಿಮಿಷದೊಳಗೆ ನಿಲ್ಲಿಸಿದ್ದಕ್ಕೆ ಎಂಜಿನ್ ಉಳಿಯಿತು.

ನಿಲ್ಲಿಸಿದ ಮೇಲೆ ನಿಜವಾದ ತಪ್ಪುಗಳು ಶುರುವಾದವು.

ಇಂಗ್ಲೆಂಡಿನ ಕಾರಿನಲ್ಲಿ, ನಮ್ಮೂರಿನ ಹಾಗೇ, ಸ್ಟೀರಿಂಗ್ ಬಲಕ್ಕೆ. ಜರ್ಮನಿಯಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು, ಕೆಟ್ಟರೆ ಬಲ ಅಂಚಿಗೆ ನಿಲ್ಲಿಸಬೇಕು. ಅಂದರೆ ಓಡಿಸುವವರು ಇಳಿಯುವುದು ಸುರಕ್ಷಿತ ಕಡೆ, ಪಕ್ಕದಲ್ಲಿ ಕೂತವರು ಇಳಿಯುವುದು ಓಡುತ್ತಿರುವ ಗಾಡಿಗಳ ಕಡೆ. ಇದು ನನಗೆ ಹೊಳೆದೇ ಇರಲಿಲ್ಲ. ನಾನು ಇಳಿದು ಬಾನೆಟ್ ಕಡೆ ಹೋದೆ. "ರೀ, ಈ ಕಡೆ ಬಾಗಿಲು ತೆಗೆಯೋಕೇ ಆಗಲ್ಲ" ಅಂತ ಅವಳು ಕೂಗಿದಾಗ ಜೀವ ಬಾಯಿಗೆ ಬಂತು. ಎರಡು ಸೀಟಿನ ಕಾರಿನಲ್ಲಿ ಗೇರ್ ಮೇಲೆ ಹತ್ತಿ ಈಚೆ ಬರುವುದು ಸುಲಭವಲ್ಲ. ಕೈ ಹಿಡಿದು ಎಳೆದುಕೊಂಡೆ. ನೀವು ಹೊರಡುವ ಮೊದಲು ಮನೆ ಮುಂದೆ ಒಂದು ಸಲ ಇದನ್ನು ಮಾಡಿ ನೋಡಿ. ಪಕ್ಕದಲ್ಲಿ ಕೂರುವವರಿಗೆ ಮೊದಲೇ ಹೇಳಿ, ಏನೇ ಆದರೂ ಎಡ ಬಾಗಿಲು ಮುಟ್ಟಬೇಡ ಅಂತ.

ಹೊಳೆಯುವ ಜಾಕೆಟ್ಟುಗಳು ಡಿಕ್ಕಿಯಲ್ಲಿ ಬಟ್ಟೆ ಬ್ಯಾಗುಗಳ ಅಡಿಯಲ್ಲಿದ್ದವು. ಜರ್ಮನಿಯ ಕಾರುಗಳಲ್ಲಿ 2014ರ ಜುಲೈನಿಂದ ಈ ಜಾಕೆಟ್ ಇರಲೇಬೇಕು. ನೀವು ಹೊರಗಿನಿಂದ ಬಂದಿದ್ದರೂ ಒಬ್ಬೊಬ್ಬರಿಗೆ ಒಂದೊಂದು ಇರಲಿ, ಸೀಟಿನ ಹಿಂದೆ ಕೈಗೆ ಸಿಗುವ ಹಾಗಿರಲಿ. ಇಳಿಯುವ ಮೊದಲೇ ಹಾಕಿಕೊಳ್ಳಬೇಕು. ಆಮೇಲೆ ತಡೆಬೇಲಿಯ ಆಚೆ ಹೋಗಿ ನಿಲ್ಲಬೇಕು, ಕಾರಿನ ಪಕ್ಕದಲ್ಲಿ ಅಲ್ಲ. ಎಚ್ಚರಿಕೆ ತ್ರಿಕೋನವನ್ನು ಸಾಕಷ್ಟು ಹಿಂದೆ ಇಡಬೇಕು. ರಸ್ತೆ ಬದಿಯ ಬಿಳಿ ಕಂಬಗಳು ಐವತ್ತು ಮೀಟರಿಗೊಂದು ಇರುತ್ತವೆ. ಮೂರು ಕಂಬ ಎಣಿಸಿ ಹಿಂದಕ್ಕೆ ನಡೆದರೆ ಸರಿಯಾಗುತ್ತದೆ, ನಡೆಯುವುದೂ ಬೇಲಿಯ ಆಚೆಯೇ. ಆ ಕಂಬಗಳ ಮೇಲೆ ಸಣ್ಣ ಬಾಣದ ಗುರುತಿದೆ. ಹತ್ತಿರದ ತುರ್ತು ಫೋನ್ ಯಾವ ಕಡೆಗೆ ಅಂತ ಅದು ತೋರಿಸುತ್ತದೆ. ನೀವಿರುವ ಜಾಗ ಹೇಳಲು ಅರ್ಧ ಕಿಲೋಮೀಟರಿಗೊಂದು ಇರುವ ನೀಲಿ ಫಲಕದ ಸಂಖ್ಯೆ ಓದಿ, ಯಾವ ದಿಕ್ಕಿಗೆ ಹೋಗುತ್ತಿದ್ದಿರಿ ಅನ್ನುವುದನ್ನೂ ಹೇಳಿ.

ಇಷ್ಟರಲ್ಲಿ ನಮ್ಮ ಗುಂಪಿನ ಇನ್ನೂ ನಾಲ್ಕು ಕಾರುಗಳು ಬಂದು ಸಾಲಾಗಿ ನಿಂತವು. ಪ್ರೀತಿಯಿಂದಲೇ ನಿಂತರು, ಅವರನ್ನು ದೂರುವುದಿಲ್ಲ. ಆದರೆ ಆಟೋಬಾನ್, ಅಂದರೆ ಜರ್ಮನಿಯ ಹೆದ್ದಾರಿಯಲ್ಲಿ, ಕೆಡದ ಗಾಡಿಯನ್ನು ಅಂಚಿನಲ್ಲಿ ನಿಲ್ಲಿಸುವುದು ತಪ್ಪು, ದಂಡ ಬೀಳುತ್ತದೆ. ಅದಕ್ಕಿಂತ ಜಾಸ್ತಿ, ಅದು ಪ್ರಾಣದ ಪ್ರಶ್ನೆ. ಹೆದ್ದಾರಿ ಪೊಲೀಸರು ಬಂದವರೇ ಆ ನಾಲ್ವರನ್ನೂ ಗದರಿಸಿ ಕಳಿಸಿದರು. ಒಂದು ಕಾರು ಕೆಟ್ಟರೆ ಉಳಿದವರು ಮುಂದಿನ ಎಕ್ಸಿಟ್ ಅಥವಾ ವಿಶ್ರಾಂತಿ ತಾಣಕ್ಕೆ ಹೋಗಿ ಅಲ್ಲಿಂದ ಫೋನ್ ಮಾಡಬೇಕು. ಈ ಮಾತನ್ನು ಹೊರಡುವ ದಿನವೇ ಎಲ್ಲರೂ ಒಪ್ಪಿಕೊಂಡಿರಬೇಕು. ನಾನು ಹುಟ್ಟಿದ್ದು ಸಕಲೇಶಪುರದ ಹತ್ತಿರ. ಶಿರಾಡಿ ಘಾಟಿಯಲ್ಲಿ ಗಾಡಿ ನಿಂತರೆ ಹಿಂದೆ ಬರುವವರು ನಿಲ್ಲಿಸಿ ನೀರು ಕೊಟ್ಟು, ಮೆಕ್ಯಾನಿಕ್‌ಗೆ ಫೋನ್ ಮಾಡಿ ಹೋಗುತ್ತಾರೆ. ಆ ಅಭ್ಯಾಸ ನನ್ನ ಮೈಯಲ್ಲೇ ಇದೆ. ಇಲ್ಲಿ ಅದನ್ನು ಬಿಡಲೇಬೇಕು.

ಇನ್ನು ಇನ್ಶೂರೆನ್ಸ್. ನನ್ನ ಬಳಿ ಯುರೋಪಿಗೂ ಅನ್ವಯಿಸುವ, ದಾರಿಯಲ್ಲಿ ಕಾರು ಕೆಟ್ಟರೆ ಸಹಾಯ ಕೊಡುವ ಬ್ರೇಕ್‌ಡೌನ್ ಪಾಲಿಸಿ ಇತ್ತು. ಫೋನ್ ಮಾಡಿದೆ, ಐವತ್ತು ನಿಮಿಷ ಲೈನಿನಲ್ಲೇ ಕಾಯಿಸಿದರು. ಅಷ್ಟರಲ್ಲಿ ಪೊಲೀಸರು ಕರೆಸಿದ ಟೋ ಗಾಡಿ ಬಂತು. ಆ ಜಾಗದಲ್ಲಿ ಕಾರು ಬಿಡುವಂತಿಲ್ಲ, ಹತ್ತಿಸಲೇಬೇಕಾಯಿತು. ಬಿಲ್ಲು 380 ಯೂರೋ. ಆಮೇಲೆ ಪಾಲಿಸಿಯವರು ಹೇಳಿದ್ದೇನು ಗೊತ್ತಾ? ನಾವು ಕಳಿಸಿದ ಟೋ ಅಲ್ಲ, ಹಾಗಾಗಿ ಹಣ ಕೊಡುವುದಿಲ್ಲ ಅಂತ. ಅಷ್ಟೇ ಅಲ್ಲ, ಪಾಲಿಸಿಯ 17ನೇ ಪುಟದಲ್ಲಿ ಹದಿನೈದು ವರ್ಷ ದಾಟಿದ ಕಾರಿಗೆ ಯುರೋಪಿನಲ್ಲಿ ಸ್ಥಳದಲ್ಲಿ ರಿಪೇರಿ ಪ್ರಯತ್ನ ಮಾತ್ರ ಅಂತ ಬರೆದಿತ್ತು. ಬದಲಿ ಕಾರಿಲ್ಲ, ಹೋಟೆಲ್ ಇಲ್ಲ, ಊರಿಗೆ ಸಾಗಿಸುವುದೂ ಇಲ್ಲ. ಆ ಪುಟವನ್ನು ನಾನು ಮೊದಲ ಸಲ ಓದಿದ್ದು ಹುನ್ಸ್‌ರ್ಯುಕ್‌ನ ಒಂದು ಗ್ಯಾರೇಜಿನ ಮುಂದೆ, ಮಳೆಯಲ್ಲಿ ನಿಂತು.

ಆ ಗ್ಯಾರೇಜಿನ ಬಾಗಿಲು ಮುಚ್ಚಿತ್ತು. ಶನಿವಾರ ಮಧ್ಯಾಹ್ನ ಆಗಿಹೋಗಿತ್ತು. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳೇ ತೆರೆಯುವುದಿಲ್ಲ, ಗ್ಯಾರೇಜಿನ ಮಾತು ದೂರ. ಸೋಮವಾರ, ಜೂನ್ 9, ಕ್ರೈಸ್ತರ ಪೆಂಟಕೋಸ್ಟ್ ಹಬ್ಬದ ರಜೆ. ಅಲ್ಲಿ ಅದು ದೇಶಕ್ಕೆಲ್ಲ ರಜೆ, ಇಂಗ್ಲೆಂಡಿನಲ್ಲಿ ಅಲ್ಲ. ಹಾಗಾಗಿ ನಮ್ಮ ಕ್ಲಬ್ಬಿನಲ್ಲಿ ಯಾರ ಕ್ಯಾಲೆಂಡರಿನಲ್ಲೂ ಅದು ಇರಲಿಲ್ಲ. ಬೆಳಗಿನ ಆ ಜಾಮ್ ಕೂಡ ಅದೇ ಹಬ್ಬದ ಜನದಿಂದ ಆದದ್ದು. ಮಂಗಳವಾರ ರೇಡಿಯೇಟರ್ ಆರ್ಡರ್ ಆಯಿತು, ಬುಧವಾರ ಸಂಜೆ ಬಂತು, ಗುರುವಾರ ಕೂರಿಸಿದರು. ಐದು ರಾತ್ರಿ ಹೋಟೆಲ್, ಕಾರು ಇಟ್ಟುಕೊಂಡದ್ದಕ್ಕೆ ದಿನದ ಬಾಡಿಗೆ, ತಪ್ಪಿದ ಹಡಗಿನ ಟಿಕೆಟ್, ಟೋ, ರಿಪೇರಿ ಎಲ್ಲ ಸೇರಿ ಸುಮಾರು 1,400 ಯೂರೋ ಹೋಯಿತು. ಗ್ಯಾರೇಜಿನವರು ಮಾತ್ರ ಒಳ್ಳೆಯವರು, ಕೆಲಸ ಅಚ್ಚುಕಟ್ಟು. ಇದೇ ರೇಡಿಯೇಟರನ್ನು ಮನೆಯಲ್ಲಿ ಬದಲಿಸಿದ್ದರೆ ನೂರು ಪೌಂಡಿನಲ್ಲಿ, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು.

ಉಳಿದ ಮೂರು ಕಾರುಗಳ ಕತೆ ಬೇಗ ಹೇಳುತ್ತೇನೆ. ಮೊದಲ ದಿನವೇ ಒಬ್ಬರು ನ್ಯೂರ್‌ಬರ್ಗ್‌ರಿಂಗ್‌ನ ನೋರ್ಡ್‌ಶ್ಲೈಫೆಗೆ ಇಳಿದರು. 1927ರಲ್ಲಿ ಶುರುವಾದ, 20.8 ಕಿಲೋಮೀಟರ್ ಉದ್ದದ ಗುಡ್ಡಗಾಡು ಟ್ರ್ಯಾಕ್ ಅದು. ಹಣ ಕಟ್ಟಿದರೆ ಯಾರು ಬೇಕಾದರೂ ಸ್ವಂತ ಕಾರು ಓಡಿಸಬಹುದು. ಎರಡನೇ ಸುತ್ತಿನಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗಿಳಿಯಿತು. ಬ್ರೇಕ್ ಆಯಿಲ್ ಕುದಿದರೆ ಗುಳ್ಳೆ ಎದ್ದು ಪೆಡಲ್ ಹೀಗೆ ಮೆತ್ತಗಾಗುತ್ತದೆ. ಆ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಅವರು ಆಯಿಲ್ ಬದಲಿಸಿ ಐದು ವರ್ಷವಾಗಿತ್ತು. ಪುಣ್ಯಕ್ಕೆ ಏರು ಬಂದು ಕಾರು ನಿಂತಿತು. ಅಲ್ಲಿ ತಡೆಬೇಲಿಗೆ ಗುದ್ದಿದರೆ ಬೇಲಿಯ ಖರ್ಚೂ ನಿಮ್ಮದೇ. ಎಷ್ಟೋ ಇನ್ಶೂರೆನ್ಸುಗಳು ಆ ಟ್ರ್ಯಾಕಿನ ಹೆಸರು ಬರೆದೇ ಹೊರಗಿಟ್ಟಿವೆ. ನಾನಂತೂ ಹಳೆ ಕಾರಿನಲ್ಲಿ ಅಲ್ಲಿಗೆ ಹೋಗಬೇಡಿ ಅಂತಲೇ ಹೇಳುತ್ತೇನೆ.

ಇನ್ನೊಂದು ಕಾರಿನಲ್ಲಿ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಸೋರಿ, ಬಾಡೆನ್-ಬಾಡೆನ್‌ನಿಂದ ಫ್ರೊಯ್ಡೆನ್‌ಸ್ಟಾಟ್‌ಗೆ ಹೋಗುವ ಬಿ500 ರಸ್ತೆಯಲ್ಲಿ ಗೇರ್ ಬೀಳದೆ ನಿಂತಿತು. ಅಂಗೈ ಅಗಲದ ಪಾರ್ಟು. ಅದಕ್ಕೂ ಮಂಗಳವಾರದವರೆಗೆ ಕಾಯಬೇಕಾಯಿತು.

ನಾಲ್ಕನೆಯದು ಗುಂಪಿನ ಹಿರಿಯರೊಬ್ಬರ ಕಾರು. 1970ರ ದಶಕದ್ದು, ನಮ್ಮೆಲ್ಲರ ಕಾರುಗಳಿಗಿಂತ ಹಳೆಯದು. ಅದೇ ರಸ್ತೆಯಲ್ಲಿ, ಮುಮ್ಮೆಲ್‌ಸೇ ಕೆರೆಯ ಹತ್ತಿರ ಅವರ ಫ್ಯಾನ್ ಬೆಲ್ಟ್ ತುಂಡಾಯಿತು. ಡಿಕ್ಕಿಯಿಂದ ಒಂದು ಮರದ ಪೆಟ್ಟಿಗೆ ತೆಗೆದರು. ಬೆಲ್ಟು, ಮೇಲಿನ ಕೆಳಗಿನ ಹೋಸ್ ಪೈಪು, ಕ್ಲಿಪ್ಪುಗಳು, ಎಂಜಿನ್ನಿಗೆ ಸ್ಪಾರ್ಕ್ ಕೊಡಲು ಬೇಕಾದ ಪಾಯಿಂಟು ಮತ್ತು ಕಂಡೆನ್ಸರ್, ಫ್ಯೂಸು, ತಂತಿ, ಐದು ಲೀಟರ್ ನೀರು. ಇಪ್ಪತ್ತು ನಿಮಿಷದಲ್ಲಿ ಕಾರು ಹೊರಟಿತಂತೆ. ಅವರು ಹೊರಡುವ ಮುಂಚೆ ನಮಗೆಲ್ಲ ಈ ಪಟ್ಟಿ ಕಳಿಸಿದ್ದರು. ನಾವು ಓದಿರಲಿಲ್ಲ.

ನಾನು ಕಳೆದುಕೊಂಡದ್ದರಲ್ಲಿ ಮನಸ್ಸಿಗೆ ಜಾಸ್ತಿ ನೋವು ಕೊಟ್ಟಿದ್ದು ವೀಸ್ಲಾಖ್ ಅನ್ನುವ ಊರು. ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋಗಬೇಕಿತ್ತು. 1888ರ ಆಗಸ್ಟಿನಲ್ಲಿ, ಕಾರು ಕಂಡುಹಿಡಿದ ಕಾರ್ಲ್ ಬೆಂಜ್ ಅವರ ಹೆಂಡತಿ ಬರ್ಥಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ವರೆಗೆ ಕಾರಿನಲ್ಲಿ ಹೋದರು. ನೂರು ಕಿಲೋಮೀಟರಿಗೂ ಮೇಲೆ. ಅಷ್ಟು ದೂರ ಅದುವರೆಗೆ ಯಾರೂ ಕಾರಿನಲ್ಲಿ ಹೋಗಿರಲಿಲ್ಲ. ವೀಸ್ಲಾಖ್‌ನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡರು. ಇಂಧನದ ಪೈಪ್ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು. ಬ್ರೇಕ್ ಸವೆದಾಗ ಚಮ್ಮಾರರ ಹತ್ತಿರ ಚರ್ಮ ಹೊಡೆಸಿದರು. ತಮ್ಮ ಗಾಡಿ ಎಲ್ಲಿ ಕೈಕೊಡುತ್ತದೆ ಅನ್ನುವುದು ಆ ಹೆಣ್ಣುಮಗಳಿಗೆ ಚೆನ್ನಾಗಿ ಗೊತ್ತಿತ್ತು. ಆ ಅಂಗಡಿ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು ಅಂತ ವರ್ಷದಿಂದ ಆಸೆಪಟ್ಟಿದ್ದೆವು.

ನೀವು ಹೋಗುವುದಾದರೆ ದಯವಿಟ್ಟು ಇಷ್ಟು ಮಾಡಿ. ಹೊರಡುವ ಒಂದು ತಿಂಗಳ ಮುಂಚೆ ರೇಡಿಯೇಟರ್, ಹೋಸ್‌ಗಳು, ಬೆಲ್ಟ್, ಬ್ರೇಕ್ ಮತ್ತು ಕ್ಲಚ್ ಆಯಿಲ್ ನೋಡಿಸಿ. ಹೊಸ ಪಾರ್ಟ್ ಹಾಕಿದ ಮೇಲೆ ಊರಲ್ಲೇ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸಿ, ಸೋರಿಕೆ ಇದ್ದರೆ ಅಲ್ಲೇ ಗೊತ್ತಾಗಲಿ. ಹೋಗುವ ರಾಜ್ಯದ ರಜೆಗಳನ್ನು ಹುಡುಕಿ ಬರೆದಿಟ್ಟುಕೊಳ್ಳಿ, ಜರ್ಮನಿಯಲ್ಲಿ ಕೆಲವು ರಜೆ ರಾಜ್ಯಕ್ಕೊಂದು ಥರ. ದೂರದ ಓಟವನ್ನು ವಾರದ ನಡುವೆ ಇಟ್ಟುಕೊಳ್ಳಿ. ಜರ್ಮನಿಯ ದೊಡ್ಡ ಮೋಟಾರು ಸಂಘ ಎಡಿಎಸಿ, ಅವರ ಹಳದಿ ಗಾಡಿಗಳು ಎಲ್ಲ ಕಡೆ ಸಿಗುತ್ತವೆ. ಸದಸ್ಯರಲ್ಲದವರಿಗೂ ಹಣ ತಗೊಂಡು ಸಹಾಯ ಮಾಡುತ್ತಾರೆ. ನನಗೆ ಇದು ಆಮೇಲೆ ತಿಳಿಯಿತು. ಯಾರಿಗಾದರೂ ಪೆಟ್ಟಾದರೆ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ.

ಪಾಲಿಸಿಯವರಿಗೆ ಫೋನ್ ಮಾಡಿ ಕಾರಿನ ವರ್ಷ ಹೇಳಿ ಕೇಳಿ. ಇಷ್ಟು ಹಳೆಯ ಕಾರಿಗೆ ಟೋ ಇದೆಯಾ? ಹೆದ್ದಾರಿಯಲ್ಲಿ ಪೊಲೀಸರು ಕರೆಸಿದ ಟೋ ಬಿಲ್ ಕೊಡುತ್ತೀರಾ? ಪಾರ್ಟ್ ಬರಲು ಐದು ದಿನವಾದರೆ ಹೋಟೆಲ್ ಯಾರದ್ದು? ರಿಪೇರಿ ಆಗದಿದ್ದರೆ ಕಾರನ್ನು ಮನೆಗೆ ತರುತ್ತೀರಾ, ಅಥವಾ ಕಾರಿನ ಬೆಲೆಗಿಂತ ಸಾಗಣೆ ಖರ್ಚು ಜಾಸ್ತಿ ಅಂತ ಅಲ್ಲೇ ಬಿಡುತ್ತೀರಾ? ಉತ್ತರವನ್ನು ಇ-ಮೇಲಿನಲ್ಲಿ ತರಿಸಿಕೊಳ್ಳಿ. "ಯುರೋಪ್ ಪೂರ್ತಿ ಕವರ್ ಆಗುತ್ತೆ ಸಾರ್" ಅಂತ ನನಗೂ ಫೋನಿನಲ್ಲಿ ಹೇಳಿದ್ದರು. ದೂರು ಕೊಟ್ಟಾಗ, ಹಾಗೆ ಹೇಳಿದ ದಾಖಲೆ ನಮ್ಮಲ್ಲಿಲ್ಲ ಅಂದರು. ಬರಹದಲ್ಲಿ ನನ್ನ ಬಳಿಯೂ ಏನೂ ಇರಲಿಲ್ಲ.